ಮುದುಕಪ್ಪನ ಮೊದಲ ಪುಟ

ನನ್ನ ಅಕ್ಕ ಗಿರಿಜಾಳ ಅಡುಗೆಮನೆಯಲ್ಲಿ ಬಿಸ್ಕೀಟಿನ ಡಬ್ಬಿಯೊಂದಿತ್ತು. ಅದರ ತುಂಬ ಗಾಜು ಒಡೆದ ಹಳೆಯ ಫೋನುಗಳು. ಎಲ್ಲಕ್ಕಿಂತ ಸಣ್ಣದಕ್ಕೆ ಅವಳು ಮುದುಕಪ್ಪ ಎಂದು ಹೆಸರಿಟ್ಟಿದ್ದಳು. "ಇದರಾಗ ನಡದ್ರ ನಮ್ಮ ಮಂದಿ ಕೈಯಾಗ ನಡೀತೈತಿ" ಎನ್ನುತ್ತಿದ್ದಳು.

ಇಂಗ್ಲಿಷಿನ ಆಪ್‌ಗಳನ್ನು ಕನ್ನಡಕ್ಕೆ ತರುವ ಕಂಪನಿಯೊಂದರ ರಾಣೆಬೆನ್ನೂರಿನ ಕಚೇರಿಯಲ್ಲಿ ಅಕ್ಕನಿಗೆ ಕೆಲಸ. ಜನರ ಕೈಗೆ ಹೋಗುವ ಮೊದಲು ಅವುಗಳ ತಪ್ಪು ಹಿಡಿಯಬೇಕು. ಕಣ್ಣು ಮಂಜಾದವರು ಮಾಡಿಕೊಳ್ಳುವಂತೆ ಅಕ್ಷರ ದೊಡ್ಡದು ಮಾಡಿ ನೋಡುತ್ತಿದ್ದಳು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಹೆಂಗಸರ ನಡುವೆ ಕೂತು ಫೋನು ಕೊಟ್ಟು, ಅವರ ಹೆಬ್ಬೆರಳು ಎಲ್ಲಿ ನಿಲ್ಲುತ್ತದೆಂದು ಸುಮ್ಮನೆ ನೋಡುತ್ತಿದ್ದಳು.

ಹಗೆ ಹಿಡಿದರೆ ಬಿಡುವವಳಲ್ಲ. ಹಾವೇರಿಯ ದೊಡ್ಡ ಕಚೇರಿಯ ಇಂಜಿನಿಯರನೊಬ್ಬ, ಕನ್ನಡದ್ದನ್ನು ಯಾರು ನೋಡುತ್ತಾರೆ ಎಂದು ನಕ್ಕಿದ್ದ. ಅವತ್ತಿನಿಂದ ದಿನಾ ಅವನು ಚಹಾ ಕುಡಿಯುವ ಹೊತ್ತಿಗೆ ಸರಿಯಾಗಿ ಅವನದೊಂದು ತಪ್ಪು, ಚಿತ್ರ ಸಮೇತ ಕಳಿಸಿದಳು. ತಿಂಗಳ ಮೇಲೆ ಅವನೇ ಬಂದು ತಪ್ಪಾಯಿತೆಂದ. ಅಕ್ಕ ಕುರ್ಚಿ ಹಾಕಿ ಕೂರಿಸಿ ಮರುದಿನದ ತಪ್ಪನ್ನು ಕೈಗೆ ಕೊಟ್ಟಳು.

"ತಪ್ಪು ಯಾರರೇ ಮಾಡ್ತಾರ. ಮುಚ್ಚಿಟ್ಟವರನ್ನ ಮಾತ್ರ ನಾ ಬಿಡಂಗಿಲ್ಲ" ಅನ್ನುವುದು ಅವಳ ಮಾತು. ಮುಚ್ಚಿಟ್ಟವನು ನಾನು.

ನಾನು ಓದಿದ್ದು ನಾಲ್ಕನೆಯ ಇಯತ್ತೆ. ಲಗೇಜ್ ಆಟೋದಲ್ಲಿ ಮೆಣಸಿನಕಾಯಿ ಚೀಲ ಹೇರುತ್ತೇನೆ. ರೈತರು ತಮ್ಮ ಮಾಲಿಗೆ ಬಂದ ದರವನ್ನು ಫೋನಿನಲ್ಲೇ ನೋಡಿ ‘ಒಪ್ಪಿದ್ದೇನೆ’ ಅಥವಾ ‘ಬೇಡ’ ಎಂದು ಒತ್ತುವ ಆಪ್ ತಯಾರಾದಾಗ, ಎರಡೇ ದಿನದಲ್ಲಿ ನೋಡಿ ಮುಗಿಸಬೇಕೆಂದು ಮ್ಯಾನೇಜರ್ ಅವಸರ ಮಾಡಿದ. ಅಕ್ಕ ಮುದುಕಪ್ಪನನ್ನೂ ಆಪ್‌ನ ನಲವತ್ತು ಪುಟಗಳ ಹೆಸರಿದ್ದ ಪಟ್ಟಿಯನ್ನೂ ನನಗೆ ಕೊಟ್ಟಳು.

"ನೀ ತಡವರಿಸಿ ಓದ್ತಿ. ನಿನಗ ತಿಳದ್ರ ಎಲ್ಲಾರಿಗೂ ತಿಳೀತೈತಿ. ಒಂದೊಂದೂ ಒತ್ತಿ ನೋಡು, ತಮ್ಮಾ."

ಹಲಗೇರಿಯ ಚಹಾದಂಗಡಿಯಲ್ಲಿ, ನಾಲ್ಕು ಮಂದಿಯ ಎದುರು ಅಕ್ಷರ ಕೂಡಿಸಿ ಓದಲು ನಾಚಿಕೆಯಾಯಿತು. ಫೋನು ಕಿಸೆಯಲ್ಲೇ ಇತ್ತು. ನಲವತ್ತಕ್ಕೂ ಸರಿ ಗುರುತು ಹಾಕಿಬಿಟ್ಟೆ. ಅಕ್ಕ ನನ್ನನ್ನು ನಂಬಿ ಸಹಿ ಮಾಡಿದಳು.

ಆಪ್ ರೈತರ ಕೈಗೆ ಹೋಯಿತು. ಸಣ್ಣ ಫೋನುಗಳಲ್ಲಿ ‘ಬೇಡ’ ಎಂಬ ಗುಂಡಿ ಪರದೆಯ ಕೆಳಗೆ ಜಾರಿ ಮರೆಯಾಗಿತ್ತು. ಮೇಡ್ಲೇರಿಯ ಮುದುಕಿಯೊಬ್ಬಳು ಕಂಡ ಒಂದೇ ಗುಂಡಿ ಒತ್ತಿ, ಮಾರಲೊಲ್ಲದ ಮೆಣಸಿನಕಾಯಿ ಕಳೆದುಕೊಂಡು ಮಾರುಕಟ್ಟೆಯಲ್ಲಿ ಕೂತು ಅತ್ತಳು.

"ಖರೇ ನೋಡೀಯೇನು?" ಎಂದು ಅಕ್ಕ ಒಂದೇ ಸಲ ಕೇಳಿದಳು.

"ನೋಡೇನಿ ಅಕ್ಕಾ" ಎಂದೆ.

ಆ ಮಾತು ನಂಬಿ ಅವಳು ಮ್ಯಾನೇಜರನ ಎದುರು ನಿಂತಳು. ನನ್ನ ತಮ್ಮ ಸುಳ್ಳು ಹೇಳುವವನಲ್ಲ, ಆಮೇಲೆ ನೀವೇ ಏನೋ ಬದಲಿಸಿದ್ದೀರಿ ಎಂದಳು. ಅವನು ಮುದುಕಪ್ಪನನ್ನು ಇಸಿದುಕೊಂಡು ಆಪ್ ತೆರೆದ. ಪರದೆಯ ಮೇಲೆ ‘ಸ್ವಾಗತ’ ಎಂದು ಬಂತು. ಮೊದಲ ಸಲ ತೆರೆದಾಗ ಮಾತ್ರ ಬರುವ ಪುಟ ಅದು. ಕಚೇರಿಯವರೆಲ್ಲ ನೋಡಿದರು. ಬಾಗಿಲ ಬಳಿ ನಿಂತಿದ್ದ ನಾನೂ ನೋಡಿದೆ. ಅಕ್ಕ ಫೋನು ಚೀಲಕ್ಕೆ ಹಾಕಿಕೊಂಡು ಹೊರಬಂದಳು. ಆ ಕೆಲಸದಲ್ಲಿ ಅದೇ ಅವಳ ಕೊನೆಯ ದಿನವಾಯಿತು.

ಅವಳು ಬಯ್ಯಲಿಲ್ಲ. ಹಾವೇರಿಗೆ ಮನೆ ಬದಲಿಸಿದಳು. ವರ್ಷದ ಮೇಲೆ ಧೈರ್ಯ ಮಾಡಿ ಹೋದೆ. ಬಾಗಿಲು ತೆರೆದವಳು ನನ್ನನ್ನು ಬೀಗರಂತೆ ಕರೆದಳು.

"ಬರ್ರಿ. ಕುಂದ್ರಿ."

ಚಹಾದ ಜೊತೆ ಮುದುಕಪ್ಪನನ್ನು ತಂದಿಟ್ಟಳು. ‘ಸ್ವಾಗತ’ ಇನ್ನೂ ಹಾಗೇ ಇತ್ತು; ಮುಂದೆ ಒತ್ತಿರಲೇ ಇಲ್ಲ. ಪಕ್ಕದಲ್ಲಿ ನಾನು ಗುರುತು ಹಾಕಿದ್ದ ಪಟ್ಟಿ, ಒಂದು ಪೆನ್ನು. ಎದುರು ಕೂತು ಸೊಪ್ಪು ಸೋಸತೊಡಗಿದಳು.

ಒಂದೊಂದೇ ಪುಟ ಒತ್ತಿ ಗಟ್ಟಿಯಾಗಿ ಓದಿದೆ. ತಡವರಿಸಿದಲ್ಲಿ ಅವಳು ಸಹಾಯ ಮಾಡಲಿಲ್ಲ. ಇಪ್ಪತ್ಮೂರನೆಯ ಪುಟದಲ್ಲಿ ‘ಬೇಡ’ ಇರಲಿಲ್ಲ. ನನ್ನ ಸರಿ ಗುರುತು ಹೊಡೆದುಹಾಕಿ ತಪ್ಪು ಎಂದು ಬರೆದೆ. ನಲವತ್ತು ಮುಗಿಯುವಾಗ ಬಿಸಿಲು ಇಳಿದಿತ್ತು. ಕೆಳಗೆ ಸಹಿ ಮಾಡಿದೆ.

ಅಕ್ಕ ಹಾಳೆಯನ್ನು ಪೂರ್ತಿ ಓದಿ, ಮಡಚಿ, ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿದಳು.

"ಇನ್ನ ನಡೀರಿ" ಎಂದಳು. "ರಾಣೆಬೆನ್ನೂರ ಬಸ್ಸು ಹೋದೀತು."