ಕಪನೂರ ಅವ್ವನ ದಣಿವು

ಕಮಲಾಪುರದ ದೌಲಪ್ಪನ ಮಗಳು ದುಂಡಮ್ಮ ಮದುವೆಗೆ ಮೊದಲು ಹೇಗಿದ್ದಳು ಎಂದು ಕೇಳಿದರೆ, ಆ ಊರಿನವರು ಇವತ್ತಿಗೂ ಅವಳ ನಡಿಗೆಯನ್ನೇ ನೆನೆಯುತ್ತಾರೆ. ಕೆಂಪು ಬಾಳೆಯ ಗೊನೆ ತಲೆಯ ಮೇಲಿಟ್ಟುಕೊಂಡು ತೋಟದಿಂದ ರಸ್ತೆಗೆ ಬರುವಾಗ ಗಂಡಸರು ನಡುವೆ ಒಮ್ಮೆ ಇಳಿಸಿ ಬೀಡಿ ಹಚ್ಚುತ್ತಿದ್ದರು. ದುಂಡಮ್ಮ ಇಳಿಸುತ್ತಿರಲಿಲ್ಲ. ಬಸ್ಸಿನ ಮೇಲೆ ಗೊನೆ ಏರಿಸಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ಮತ್ತೊಂದನ್ನು ತರಲು ಆಗಲೇ ತಿರುಗಿರುತ್ತಿದ್ದಳು. ತಾಯಿ ಚಂದಮ್ಮ ತೀರಿಹೋದ ಮೇಲೆ ಅಪ್ಪ, ಅಣ್ಣ ಮತ್ತು ಆಳುಗಳಿಗೆ ರೊಟ್ಟಿ ಬಡಿಯುತ್ತಿದ್ದವಳೂ ಅವಳೇ.

ಸಾವಿರದ ಒಂಬೈನೂರ ಎಂಬತ್ತೆರಡರಲ್ಲಿ ಅವಳನ್ನು ಕಲಬುರಗಿಯ ದೇವೀಂದ್ರಪ್ಪನಿಗೆ ಕೊಟ್ಟರು. ಅವನು ಕಪನೂರಿನ ಒಂದು ದಾಲ್ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ಮಿತಭಾಷಿ, ಕುಡಿಯುವ ಚಟವಿಲ್ಲದವನು. ಮಿಲ್ಲುಗಳ ಹಿಂದಿನ ಸಾಲುಮನೆಗಳಲ್ಲಿ ಅವನೂ ಅವನ ತಾಯಿ ಬಂಡಮ್ಮನೂ ಇದ್ದರು. ಪಕ್ಕದ ಮನೆಯಲ್ಲಿ ಅದೇ ಮಿಲ್ಲಿನ ನಬಿಸಾಬ್, ಅವನ ಹೆಂಡತಿ ಮೆಹಬೂಬಿ. ಬಾಗಿಲಿಗೆ ಬಂದು ನಿಂತರೆ ಹುಮನಾಬಾದ್ ರಸ್ತೆ ಕಾಣುತ್ತಿತ್ತು. ಕಮಲಾಪುರಕ್ಕೆ ಹೋಗುವ ಬಸ್ಸುಗಳೆಲ್ಲ ಅದೇ ರಸ್ತೆಯಲ್ಲಿ ಹೋಗುತ್ತಿದ್ದವು. ತವರು ದೂರವಿಲ್ಲ ಎಂದು ದುಂಡಮ್ಮ ಮೊದಮೊದಲು ಖುಷಿಪಟ್ಟಿದ್ದಳು.

ಎರಡು ವರ್ಷಕ್ಕೆ ಹೆಣ್ಣುಕೂಸು ಹುಟ್ಟಿತು. ಕೂಸು ಹೊರಗೆ ಬಂದ ಮೇಲೆ ರಕ್ತ ನಿಲ್ಲಲಿಲ್ಲ. ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಅವಳ ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ದೇವೀಂದ್ರಪ್ಪ ಒಂದು ಬಾಟಲಿ ರಕ್ತ ಕೊಟ್ಟ, ನಬಿಸಾಬ್ ಒಂದು ಕೊಟ್ಟ. ಜೀವ ಉಳಿಯಿತು. ಬಂಡಮ್ಮ ಶರಣಬಸವೇಶ್ವರನ ಗುಡಿಗೆ ಹೋಗಿ ಕಾಯಿ ಒಡೆಸಿ ಬಂದಳು.

ಆದರೆ ಎದೆಯಲ್ಲಿ ಹಾಲು ಬರಲಿಲ್ಲ. ಮೆಂತ್ಯದ ಗಂಜಿ ಕುಡಿಸಿದರು, ಬೆಳ್ಳುಳ್ಳಿ ಹುರಿದು ತಿನ್ನಿಸಿದರು, ಸಬ್ಬಸಿಗೆ ಪಲ್ಯ ಮಾಡಿ ಹಾಕಿದರು. ಕೂಸು ಬಾಯಿ ಹಚ್ಚಿ ಎಳೆದು ಎಳೆದು, ಸಿಟ್ಟಾಗಿ ಅಳುತ್ತಿತ್ತು. ನೋಡಲು ಬಂದಿದ್ದ ಅಣ್ಣನ ಹೆಂಡತಿ ಅಂಬಮ್ಮ ಸುಮ್ಮನೆ ಕೂಸನ್ನು ಎತ್ತಿಕೊಂಡು ಗೋಡೆಯ ಕಡೆ ತಿರುಗಿ ಕುಳಿತಳು. ಅವಳಿಗೂ ಮೊಲೆಯುಣ್ಣುವ ಮಗನಿದ್ದ. ಅಳು ನಿಂತಿತು. ಆ ನಿಶ್ಶಬ್ದದಲ್ಲಿ ದುಂಡಮ್ಮ ಕಣ್ಣು ಮುಚ್ಚಿಕೊಂಡಳು.

"ನಾ ಕರಕೊಂಡು ಹೋಗ್ತೀನಿ, ದುಂಡವ್ವಾ. ನೀ ಮೊದಲು ಎದ್ದು ನಿಲ್ಲು. ನಿನಗ ಶಕ್ತಿ ಬಂದ ಮ್ಯಾಲೆ ನಿನ್ನ ಕೂಸು ನಿನಗ ಕೊಡ್ತೀನಿ," ಎಂದಳು ಅಂಬಮ್ಮ.

"ಜಲ್ದಿ ಬರ್ತೀನಿ, ವೈನಿ," ಎಂದಳು ದುಂಡಮ್ಮ.

ಆ ಶಕ್ತಿ ಬರಲೇ ಇಲ್ಲ.

ಬಾಣಂತನ ಮುಗಿಯಿತು, ದಣಿವು ಮುಗಿಯಲಿಲ್ಲ. ಎರಡು ಕೊಡ ನೀರು ತಂದರೆ ಮೂರನೆಯದಕ್ಕೆ ಕುಳಿತುಬಿಡುತ್ತಿದ್ದಳು. ರೊಟ್ಟಿ ಬಡಿಯುತ್ತ ಬಡಿಯುತ್ತ ಅಂಗೈ ಹಿಟ್ಟಿನ ಮೇಲೆಯೇ ನಿಂತು, ತಲೆ ಜೋಲಿ ಹೊಡೆಯುತ್ತಿತ್ತು. ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆಗೆ ಬಂಡಮ್ಮ ಓಡಿಬರುತ್ತಿದ್ದಳು. ಹಗಲೆಲ್ಲ ಹೀಗೆ ತೂಗಡಿಸುವವಳಿಗೆ ರಾತ್ರಿ ನೆಟ್ಟಗೆ ನಿದ್ದೆಯಿಲ್ಲ. ಚೂರು ನಿದ್ದೆ, ಮತ್ತೆ ಎಚ್ಚರ, ಮತ್ತೆ ಚೂರು. ಬೆಳಗಾದರೆ ಮೈಮೇಲೆ ಯಾರೋ ತೊಗರಿಯ ಚೀಲ ಹೇರಿದಂತೆ.

"ನಿದ್ದಿ ಬರ್ತದ, ಮೆಹಬೂಬಿ. ಆದ್ರ ಅದು ನನ್ನ ಮುಟ್ಟಂಗಿಲ್ಲ," ಎಂದು ಒಮ್ಮೆ ಹೇಳಿದ್ದಳು. "ಮದುವಿಗಿಂತ ಮೊದ್ಲು ಮಲಗ್ತಿದ್ನಲ್ಲ, ಅಂಥಾ ನಿದ್ದಿ ಒಂದೇ ಒಂದು ಸಲ ಬಂದ್ರ ಸಾಕು."

ಇನ್ನೂ ವಿಚಿತ್ರವೆಂದರೆ ಚಳಿ. ಕಲಬುರಗಿಯ ಮೇ ತಿಂಗಳಲ್ಲಿ ಜನ ಅಂಗಳಕ್ಕೆ ನೀರು ಚಿಮುಕಿಸಿಕೊಂಡು ಒದ್ದಾಡುವಾಗ ಅವಳು ಕೌದಿ ಹೊದ್ದು ಮೂಲೆಯಲ್ಲಿ ಮುದುಡಿರುತ್ತಿದ್ದಳು. ಹುಬ್ಬಿನ ಕೂದಲು ಉದುರಿತು. ಮುಖ ಬಿಳಿಚಿಕೊಂಡು ಸಣ್ಣ ಸಣ್ಣ ಸುಕ್ಕು ಬಿದ್ದವು. ಮುಟ್ಟು ಮತ್ತೆ ಬರಲೇ ಇಲ್ಲ. ಮೂವತ್ತು ತುಂಬುವ ಮೊದಲೇ, ಕಾಯಿಪಲ್ಯ ಮಾರುವವನು ಅವಳನ್ನೂ ಬಂಡಮ್ಮನನ್ನೂ ಅಕ್ಕತಂಗಿಯರು ಎಂದುಕೊಂಡ.

ಬಂಡಮ್ಮ ಕೆಟ್ಟವಳಲ್ಲ. ಆದರೆ ವಯಸ್ಸಾದ ಕಾಲಕ್ಕೆ ಮತ್ತೆ ಒಲೆಯ ಮುಂದೆ ಕೂರಬೇಕಾಗಿ ಬಂದದ್ದಕ್ಕೆ ಅವಳ ಬಾಯಿ ಖಾರವಾಗಿತ್ತು. "ರೋಗ ಇದ್ರ ಜ್ವರ ಬರ್ಬೇಕು, ಗಾಯ ಆಗ್ಬೇಕು. ಏನೂ ಇಲ್ಲ, ಬರೇ ದಣಿವು ಅಂತ! ಮೈಗಳ್ಳಿನ ತಂದು ಕಟ್ಟಿದ್ರು ನನ್ನ ಮಗಗ." ದೇವೀಂದ್ರಪ್ಪ ಊಟ ಮಾಡುತ್ತ ಕೇಳಿಸಿಕೊಳ್ಳುತ್ತಿದ್ದ. ಹೌದು ಎನ್ನುತ್ತಿರಲಿಲ್ಲ, ಅಲ್ಲ ಎಂದೂ ಅನ್ನುತ್ತಿರಲಿಲ್ಲ. ಅವನ ಆ ಮೌನವೇ ದುಂಡಮ್ಮನಿಗೆ ಬಂಡಮ್ಮನ ಮಾತಿಗಿಂತ ಹೆಚ್ಚು ಚುಚ್ಚುತ್ತಿತ್ತು. ನಿಜಕ್ಕೂ ತಾನು ಮೈಗಳ್ಳಿಯೇ ಇರಬಹುದು ಎಂದು ಅವಳಿಗೇ ಅನ್ನಿಸತೊಡಗಿತ್ತು.

ಔಷಧ ಮಾಡಲಿಲ್ಲವೆಂದಲ್ಲ. ಟಾನಿಕ್ಕು, ಸಲಾಯಿನ್, ತಾಯತ, ಹರಕೆ, ಎಲ್ಲ ಆದವು. ಎಂಬತ್ತೊಂಬತ್ತರಲ್ಲಿ ಓಣಿಗೆ ಹೊಸದಾಗಿ ಬಂದಿದ್ದ ಒಬ್ಬ ವೈದ್ಯ ಯಾವುದೋ ಸೂಜಿ ಚುಚ್ಚಿದ. ಮರುದಿನ ದುಂಡಮ್ಮ ಎದ್ದಾಗ ಅವಳಿಗೆ ಹಸಿವಾಗಿತ್ತು. ಎಷ್ಟೋ ವರ್ಷಗಳ ಮೇಲೆ ಹಸಿವು! ಮನೆಯ ಹಾಸಿಗೆಬಟ್ಟೆಯನ್ನೆಲ್ಲ ಒಗೆದು ಹಾಕಿ, ಹೇಳದೆ ಕೇಳದೆ ಬಸ್ಸು ಹತ್ತಿ ಕಮಲಾಪುರಕ್ಕೆ ಹೋದಳು. ಅಜ್ಜಿಯ ಹೆಸರನ್ನೇ ಇಟ್ಟಿದ್ದ ಮಗಳು ಚಂದಮ್ಮ ಆಗ ಐದು ವರ್ಷದವಳು. ಅವಳನ್ನು ಕಂಕುಳಲ್ಲಿ ಎತ್ತಿಕೊಂಡು ತೋಟವೆಲ್ಲ ಸುತ್ತಿದಳು. ಹುಡುಗಿ ಮೊದಲು ಬಿಗಿಯಾಗಿ ಕುಳಿತಿದ್ದಳು, ಆಮೇಲೆ ಅವಳ ಕುತ್ತಿಗೆಗೆ ಕೈಹಾಕಿದಳು. ಮಾರನೆಯ ದಿನವೂ ಹಾಗೆಯೇ. ಮರುದಿನ ಮಗಳನ್ನು ಕರೆದುಕೊಂಡೇ ಹೋಗುತ್ತೇನೆಂದು ಅಂಬಮ್ಮನಿಗೆ ಹೇಳಿಯೂ ಬಿಟ್ಟಳು. ಆದರೆ ಬೆಳಗಾಗುವಷ್ಟರಲ್ಲಿ ಆ ಶಕ್ತಿ ಸೋರಿಹೋಗಿತ್ತು. ಕಾಲುವೆಯ ಬದುವಿನ ಮೇಲೆ ಕುಸಿದು ಕುಳಿತವಳನ್ನು ಅಣ್ಣ ಒಬ್ಬಳನ್ನೇ ಕಪನೂರಿಗೆ ಬಿಟ್ಟು ಬಂದ.

ಆ ಸೂಜಿಗಾಗಿ ಮತ್ತೆ ಹೋದರೆ ವೈದ್ಯ ಅಂಗಡಿ ಮುಚ್ಚಿಕೊಂಡು ಹೋಗಿದ್ದ. ಎಲ್ಲಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಅಲ್ಲಿಂದ ಮುಂದೆ ಅವಳ ಹಂಬಲಕ್ಕೆ ಒಂದು ರೂಪ ಬಂತು. ಆ ಎರಡು ದಿನಗಳಂಥ ಇನ್ನೊಂದು ದಿನ ಬೇಕಾಗಿತ್ತು ಅವಳಿಗೆ. ಸಂಜೆ ಬಾಗಿಲ ಚೌಕಟ್ಟಿಗೆ ಒರಗಿ ಹುಮನಾಬಾದ್ ಬಸ್ಸುಗಳನ್ನು ನೋಡುತ್ತಿದ್ದಳು. ಬಸ್ಸು ಹತ್ತುವುದು ದೊಡ್ಡ ಮಾತಲ್ಲ, ಮೆಹಬೂಬಿ ಜೊತೆಗೆ ಬರಲು ತಯಾರಿದ್ದಳು. ಆದರೆ ಹೋಗಿ ಮತ್ತೆ ಮೂಲೆಯಲ್ಲಿ ಮಲಗುವುದು, ಮಗಳು ದೂರದಿಂದ ನೋಡಿ ಆಟಕ್ಕೆ ಓಡುವುದು, ಅದು ಬೇಡವಾಗಿತ್ತು. ಹುಡುಗಿ ಅಂಬಮ್ಮನಿಗೆ "ಅವ್ವಾ" ಅನ್ನುತ್ತಿದ್ದಳು. ಇವಳಿಗೆ "ಕಪನೂರ ಅವ್ವ" ಎನ್ನುತ್ತಿದ್ದಳು. ಯಾರೂ ಕಲಿಸಿದ್ದಲ್ಲ, ಅವಳೇ ಇಟ್ಟುಕೊಂಡ ಹೆಸರು.

ಮಗನಿಗೆ ಇನ್ನೊಂದು ಮದುವೆ ಮಾಡುವ ಮಾತನ್ನು ಬಂಡಮ್ಮ ಒಂದೆರಡು ಸಲ ಎತ್ತಿದಳು. ದೇವೀಂದ್ರಪ್ಪ ಚಪ್ಪಲಿ ಮೆಟ್ಟಿ ಮಿಲ್ಲಿಗೆ ಹೋಗಿಬಿಟ್ಟ. ಬೇಡ ಅಂದನೆಂದೇ ದುಂಡಮ್ಮ ಅರ್ಥಮಾಡಿಕೊಂಡಳು.

ತೊಂಬತ್ತೆಂಟರ ಮಳೆಗಾಲದಲ್ಲಿ ಓಣಿಯ ಎಷ್ಟೋ ಮನೆಗಳಲ್ಲಿ ವಾಂತಿಭೇದಿ ಕಾಣಿಸಿಕೊಂಡಿತು. ಉಳಿದವರು ಎರಡು ದಿನಕ್ಕೆ ಎದ್ದರು. ದುಂಡಮ್ಮ ಒಂದೇ ದಿನಕ್ಕೆ ಮಾತು ಬಿಟ್ಟಳು. ಮಿಲ್ಲಿನ ಟೆಂಪೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಸಲಾಯಿನ್ ಬಾಟಲಿಗಳು ಖಾಲಿಯಾಗುತ್ತಿದ್ದವು, ಬಿ.ಪಿ. ಮಾತ್ರ ಏರುತ್ತಿರಲಿಲ್ಲ. ಆ ದಿನ ವಾರ್ಡಿಗೆ ಬಂದ ಮಹಿಳಾ ಡಾಕ್ಟರನ್ನು ಎಲ್ಲರೂ ಡಾಕ್ಟರ್ ಬಾಯಿ ಎನ್ನುತ್ತಿದ್ದರು. ಅವರು ರೋಗಿಯ ಮುಖವನ್ನು ಬಹಳ ಹೊತ್ತು ನೋಡಿದರು. ಹುಬ್ಬಿನ ಮೇಲೆ ಬೆರಳಾಡಿಸಿದರು. ಆಮೇಲೆ ಬಂಡಮ್ಮನ ಕಡೆ ತಿರುಗಿ, "ಮಕ್ಕಳು ಎಷ್ಟು?" ಎಂದು ಕೇಳಿದರು.

"ಒಂದೇ ರೀ. ಹೆಣ್ಣು. ದೊಡ್ಡಾಕಿ ಆಗ್ಯಾಳ."

"ಹಡದ ಮ್ಯಾಲೆ ಎದಿಹಾಲು ಬಂದಿತ್ತೇನು?"

"ಒಂದು ಹನಿ ಸುದ್ದಾ ಇಲ್ರೀ."

"ಮುಟ್ಟು?"

"ಅದೂ ಮತ್ತ ಆಗಲಿಲ್ರೀ."

"ಹೆರಿಗಿ ಹೊತ್ತಿನಾಗ ರಕ್ತ ಭಾಳ ಹೋಗಿತ್ತಾ?"

ಹಿಂದೆ ನಿಂತಿದ್ದ ದೇವೀಂದ್ರಪ್ಪ ಮುಂದೆ ಬಂದ. "ಹೋಗಿತ್ರೀ. ಉಳಿಯಂಗಿಲ್ಲ ಅಂದಿದ್ರು. ನಾನು, ನಮ್ಮ ನಬಿಸಾಬ್, ಇಬ್ರೂ ರಕ್ತ ಕೊಟ್ಟೀವಿ."

ಡಾಕ್ಟರ್ ಬಾಯಿ ನರ್ಸಿಗೆ ಏನೋ ಹೇಳಿದರು. ರಕ್ತ ತೆಗೆದು ಹೈದರಾಬಾದಿಗೆ ಪರೀಕ್ಷೆಗೆ ಕಳಿಸಿದರು. ಉತ್ತರಕ್ಕೆ ಕಾಯದೆ ಸಲಾಯಿನ್ನಿನ ನಳಿಕೆಯಲ್ಲಿ ಒಂದು ಇಂಜೆಕ್ಷನ್ ಬಿಟ್ಟರು. ಮರುದಿನ ದುಂಡಮ್ಮ ಕಣ್ಣು ತೆರೆದು, "ಹಸಿವಾಗ್ಯದ," ಎಂದಳು.

ಪರೀಕ್ಷೆಯ ಉತ್ತರ ಬಂದ ಮೇಲೆ ಡಾಕ್ಟರ್ ಬಾಯಿ ಮೂವರನ್ನೂ ಕೂರಿಸಿಕೊಂಡು ಹೇಳಿದರು: "ತಲಿಯೊಳಗ, ಕಣ್ಣಿನ ಹಿಂದ, ಕಡ್ಲಿಕಾಳಿನಷ್ಟು ಒಂದು ಗ್ರಂಥಿ ಇರ್ತದ. ಅದು ಹುಕುಂ ಕೊಟ್ರನೇ ಹಾಲು, ಅದು ಕೊಟ್ರನೇ ಮುಟ್ಟು. ಜಡ್ಡು, ಆಘಾತ, ದುಡಿತ, ಏನು ಬಂದ್ರೂ ಮೈ ತಡಕೊಳ್ಳಾಕ ಒಂದು ಹಾರ್ಮೋನು ಬೇಕು. ಅದಕ್ಕೂ ಅದೇ ಹುಕುಂ. ಹೆರಿಗಿಯೊಳಗ ರಕ್ತ ಹೋದಾಗ ಆ ಗ್ರಂಥಿ ಸತ್ತಂಗ ಆಗ್ಯದ. ಇಷ್ಟು ವರ್ಷ ಇವರು ಹ್ಯಾಂಗ ಇದ್ರೋ ದೇವ್ರೇ ಬಲ್ಲ."

"ಆ ಸೂಜಿ…" ಎಂದಳು ದುಂಡಮ್ಮ. ಎಂಬತ್ತೊಂಬತ್ತರ ಆ ಎರಡು ದಿನದ ಕಥೆ ಹೇಳಿದಳು.

"ಅದರೊಳಗ ಇದೇ ಔಷಧ ಇದ್ದಿರ್ಬೇಕು. ಆದ್ರ ಅಂವ ಯಾಕ ಕೊಟ್ಟ ಅಂಬೋದು ಅಂವಗೂ ಗೊತ್ತಿದ್ದಿಲ್ಲ. ಇನ್ನ ಮ್ಯಾಲೆ ದಿನಾ ಗುಳಗಿ ತಗೋಬೇಕು. ಒಂದು ದಿನಾನೂ ಬಿಡಂಗಿಲ್ಲ. ಜ್ವರ ಬಂತಂದ್ರ ಓಡಿ ನನ್ನ ಹಂತ್ಯಾಕ ಬರ್ಬೇಕು."

ದೇವೀಂದ್ರಪ್ಪ ನೆಲ ನೋಡುತ್ತಿದ್ದ. "ಹಂಗಾರ ಇದು ಆಕಿ ತಪ್ಪಲ್ಲ," ಎಂದ. ಅದು ಪ್ರಶ್ನೆಯಾಗಿರಲಿಲ್ಲ. ಬಂಡಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಎದ್ದುಹೋದಳು. ಎಲ್ಲರೂ ದುಂಡಮ್ಮ ಸಂತೋಷಪಡುತ್ತಾಳೆ ಎಂದುಕೊಂಡಿದ್ದರು. ಅವಳು ಸಂಜೆಯವರೆಗೂ ಅತ್ತಳು. "ಮೊದಲೇ ಯಾರಾರ ಈ ಮಾತು ಕೇಳಿದ್ರ, ಮೆಹಬೂಬಿ," ಎನ್ನುತ್ತಿದ್ದಳು. "ನನ್ನ ಕೂಸು ತೊಡಿಮ್ಯಾಲೆ ಇದ್ದಾಗ ಕೇಳಿದ್ರ." ನೋಡಲು ಬಂದಿದ್ದ ಮೆಹಬೂಬಿ ಅವಳ ಬೆನ್ನು ಸವರುತ್ತ, "ಅಲ್ಲಾ ಜಾನೇ, ಅಕ್ಕಾ," ಎಂದು ತಾನೂ ಅತ್ತಳು.

ಶಕ್ತಿ ಒಮ್ಮೆಗೇ ಬರಲಿಲ್ಲ. ಮೊದಲು ಚಳಿ ಹೋಯಿತು. ಆಮೇಲೆ ಮೂರನೆಯ ಕೊಡ ಬಂತು. ದೀಪಾವಳಿಯ ಹೊತ್ತಿಗೆ ಅವಳು ರೊಟ್ಟಿ ಬಡಿಯುವ ಸದ್ದು ಪಕ್ಕದ ಮನೆಗೆ ಕೇಳತೊಡಗಿತು. ಒಂದು ಬೆಳಿಗ್ಗೆ ಎದ್ದು, ತನಗೆ ನಡುವೆ ಎಚ್ಚರವೇ ಆಗಿರಲಿಲ್ಲವೆಂದು ತಿಳಿದು, ಹಾಸಿಗೆಯ ಮೇಲೆಯೇ ಸ್ವಲ್ಪ ಹೊತ್ತು ಕುಳಿತಿದ್ದಳು.

ಆಮೇಲೆ ಮಗಳನ್ನು ಕರೆತರಲು ಕಮಲಾಪುರಕ್ಕೆ ಹೋದಳು.

ಅಂಬಮ್ಮ ತಡೆಯಲಿಲ್ಲ. "ಮಾತು ಕೊಟ್ಟಿದ್ದೆ. ನಿನ್ನ ಮಗಳು, ಕರಕೊಂಡು ಹೋಗು," ಎಂದು ಒಳಗೆ ಹೋಗಿ ಹುಡುಗಿಯ ಬಟ್ಟೆ ಮಡಿಚತೊಡಗಿದಳು. ಮಡಿಚಿದ್ದನ್ನು ಬಿಚ್ಚಿ ಮತ್ತೆ ಮಡಿಚಿದಳು. ಹದಿನಾಲ್ಕರ ಚಂದಮ್ಮ ಬಾಗಿಲಲ್ಲಿ ನಿಂತಿದ್ದಳು.

"ಕಪನೂರ ಅವ್ವಾ, ನೀ ಹೇಳಿದ್ರ ಬರ್ತೀನಿ," ಎಂದಳು. ದನಿಯಲ್ಲಿ ಹಟವಿರಲಿಲ್ಲ, ವಿಧೇಯತೆಯಿತ್ತು. ಅತಿಥಿಯೊಬ್ಬಳಿಗೆ ತೋರಿಸುವ ವಿಧೇಯತೆ.

ದುಂಡಮ್ಮ ಅಂಬಮ್ಮನ ಕೈಯಿಂದ ಆ ಲಂಗವನ್ನು ತೆಗೆದುಕೊಂಡಳು. "ಇರಲಿ ಬಿಡು, ವೈನಿ. ಈಗ ಸಾಲಿ ನಡದದ," ಎಂದಳು. ಆ ಸಂಜೆ ಬಸ್ಸಿನಲ್ಲಿ ಒಬ್ಬಳೇ ಬಂದಳು, ಕಾಲ ಬಳಿ ಒಂದು ಬುಟ್ಟಿ ಕೆಂಪು ಬಾಳೆಹಣ್ಣು ಇಟ್ಟುಕೊಂಡು.

ಆ ಬುಟ್ಟಿಯಿಂದ ಅವಳ ವ್ಯಾಪಾರ ಶುರುವಾಯಿತು. ವಾರಕ್ಕೆರಡು ಸಲ ಕಮಲಾಪುರಕ್ಕೆ ಹೋಗಿ ಹಣ್ಣು ತಂದು, ಶರಣಬಸವೇಶ್ವರನ ಗುಡಿಯ ಹೊರಗೆ ಗೋಣಿತಟ್ಟು ಹಾಸಿ ಕೂರುತ್ತಿದ್ದಳು. ಮನೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ಬಂಡಮ್ಮ ತಾನೇ ನೀರಿನ ಬಾಟಲಿ ತುಂಬಿ ಕೊಡುತ್ತಿದ್ದಳು, "ಗುಳಗಿ ತಗೊಂಡೇನು?" ಎಂದು ದಿನಾ ಕೇಳುತ್ತಿದ್ದಳು. ಹಣ್ಣು ತರುವ ನೆಪದಲ್ಲಿ ಮಗಳ ಜೊತೆ ಒಂದಿಷ್ಟು ಹೊತ್ತು ಸಿಗುತ್ತಿತ್ತು. ಗೊನೆ ಕಡಿಯುವಾಗ ಹುಡುಗಿ ಬಂದು ಹಿಡಿದುಕೊಳ್ಳುತ್ತಿದ್ದಳು. ಮಾತು ಕಡಿಮೆ.

ಎರಡು ಸಾವಿರದ ಇಸವಿಯಲ್ಲಿ ಚಂದಮ್ಮ ಗುಡಿಯ ಹತ್ತಿರದ ಕಾಲೇಜಿಗೆ ಸೇರಿದಳು. ದಿನಾ ಕಮಲಾಪುರದಿಂದ ಬಂದು ಹೋಗುತ್ತಿದ್ದಳು. ಕ್ಲಾಸು ಬಿಟ್ಟ ಮೇಲೆ ಬಸ್ಸಿನ ಹೊತ್ತಾಗುವವರೆಗೆ ಗೋಣಿತಟ್ಟಿನ ತುದಿಯಲ್ಲಿ ಬಂದು ಕೂರುತ್ತಿದ್ದಳು. ಗೆಳತಿಯರು ಯಾರೆಂದು ಕೇಳಿದರೆ, "ನಮ್ಮ ಅವ್ವ. ಕಪನೂರದಾಕಿ," ಎನ್ನುತ್ತಿದ್ದಳು. ದುಂಡಮ್ಮ ಒಳ್ಳೆಯ ಹಣ್ಣು ಆರಿಸಿ ಅವಳ ಕೈಗಿಡುತ್ತಿದ್ದಳು. ಕೇಳಬೇಕೆನ್ನಿಸಿದ ಮಾತು ನೂರಿದ್ದವು: ಮೊದಲ ಹಲ್ಲು ಯಾವಾಗ ಬಂತು, ಕತ್ತಲೆಗೆ ಹೆದರುತ್ತಿದ್ದೆಯಾ, ಮೈತುಂಬ ಗೋಬರದ ಗುಳ್ಳೆ ಎದ್ದಾಗ ಯಾರು ಪಕ್ಕದಲ್ಲಿದ್ದರು. ಅವನ್ನು ಮಗಳಿಗೆ ಕೇಳಿ ಉಪಯೋಗವಿಲ್ಲ, ಅಂಬಮ್ಮನಿಗೇ ಕೇಳಬೇಕು. ಒಂದೊಂದು ಸಲ ಕೇಳುತ್ತಿದ್ದಳು ಕೂಡ. ಅಂಬಮ್ಮ ಬೇಸರಿಸದೆ ಹೇಳುತ್ತಿದ್ದಳು.

ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಚಂದಮ್ಮ ತಾನಾಗಿಯೇ ಚೀಲ ಹಿಡಿದು ಕಪನೂರಿಗೆ ಬಂದಳು. "ನಾಕು ದಿನ ಇರ್ತೀನಿ," ಎಂದಳು. ಮಧ್ಯಾಹ್ನ ಉಂಡು, ಚಾಪೆ ಹಾಸಿಕೊಂಡು ಮಲಗಿದಳು. ಕರೆಂಟು ಹೋಯಿತು. ದುಂಡಮ್ಮ ಪಕ್ಕದಲ್ಲಿ ಕುಳಿತು ಬೀಸಣಿಕೆ ಬೀಸತೊಡಗಿದಳು. ಹುಡುಗಿಯ ಹಣೆಯ ಮೇಲಿನ ಬೆವರು, ತುಸು ತೆರೆದ ಬಾಯಿ, ನಿದ್ದೆಯಲ್ಲಿ ಒಮ್ಮೆ ಅಲುಗಿದ ಕಾಲ್ಬೆರಳು. ಬೀಸುವ ಕೈ ಬದಲಿಸುತ್ತ, ನೋಡುತ್ತ ಕುಳಿತಳು. ಕೈ ಸೋಲಲಿಲ್ಲ.

ಬಿಸಿಲು ಇಳಿದ ಮೇಲೆ ಚಂದಮ್ಮ ಎದ್ದು ಚಹಾ ಕುಡಿದಳು.

"ಸೋಮವಾರ ಹೋಗ್ತೀನಿ. ಅವ್ವ ಕಾಯ್ತಿರ್ತಾಳ," ಎಂದಳು.

"ಹೂಂ, ಕಾಯ್ತಿರ್ತಾಳ," ಎಂದಳು ದುಂಡಮ್ಮ. "ಇವತ್ತು ಇನ್ನ ಶುಕ್ರವಾರ." ಎದ್ದು, ರಾತ್ರಿಯ ರೊಟ್ಟಿಗೆ ಹಿಟ್ಟು ತೆಗೆಯಲು ಒಳಗೆ ಹೋದಳು.