ಜಿಪಿ ಅಂಕಲ್ ಕಂಡ ಡೊಂಕು ಗೆರೆ

ಯಾರಾದರೂ ಮಾತಾಡುವುದನ್ನು ಕೇಳುವಾಗ ಜಿಪಿ ಅಂಕಲ್ ಎಡಗಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಬಂದೂಕು ಹಿಡಿದು ಹಿಡಿದು ಬಂದ ಅಭ್ಯಾಸ ಅದು. ಮಂಡಿನೋವು, ಕೆಮ್ಮು, ನಿದ್ದೆ ಇಲ್ಲ ಎಂದು ಬಂದ ರೋಗಿಗಳ ಎದುರಿಗೂ ಬಲಗಣ್ಣು ನೆಟ್ಟು, ತಲೆ ತುಸು ವಾಲಿಸಿ, ಹಾಗೇ ಕೂರುತ್ತಿದ್ದರು. ಹೊಸದಾಗಿ ಬಂದ ಒಬ್ಬ ಮುದುಕಿ, ಡಾಕ್ಟರು ತನಗೆ ಕಣ್ಣು ಹೊಡೆದರೆಂದು ರಿಸೆಪ್ಶನ್ನಿನಲ್ಲಿ ಹೇಳಿದಳಂತೆ. ದೂರು ಕೊಡಲಿಲ್ಲ, ಮುಂದಿನ ವಾರಕ್ಕೆ ಇನ್ನೊಂದು ಅಪಾಯಿಂಟ್‌ಮೆಂಟ್ ಕೇಳಿದಳಂತೆ. ಈ ಕತೆಯನ್ನು ಅವರ ಹೆಂಡತಿ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದರು. ಅಂಕಲ್ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಮೈಸೂರಿನಿಂದ ಶೆಫೀಲ್ಡಿಗೆ ಕಣ್ಣಿನ ವೈದ್ಯಕೀಯದ ತರಬೇತಿಗೆ ಬಂದೆ. ಬ್ರೂಮ್‌ಹಿಲ್‌ನಲ್ಲಿ ಒಂದು ಮನೆಯ ಮೇಲಿನ ಕೋಣೆ ನನ್ನದು, ಅದೇ ರಸ್ತೆಯ ತಿರುವಿನಲ್ಲಿ ಅವರ ಮನೆ. ಕೊಡಗಿನವರು. ನಾನು ಪ್ರೈಮರಿ ಶಾಲೆಯಲ್ಲಿದ್ದ ಕಾಲಕ್ಕೇ ಇಂಗ್ಲೆಂಡಿಗೆ ಬಂದು ಜಿಪಿ, ಎಂದರೆ ಬಡಾವಣೆಯ ಡಾಕ್ಟರ್ ಆಗಿ ನೆಲೆಸಿದ್ದವರು. ಊರಿನ ಕನ್ನಡದವರೆಲ್ಲ ಅವರನ್ನು ಜಿಪಿ ಅಂಕಲ್ ಎಂದೂ ಅವರ ಹೆಂಡತಿಯನ್ನು ಆಂಟಿ ಎಂದೂ ಕರೆಯುತ್ತಿದ್ದರು. ನಾನೂ ಹಾಗೇ ಕರೆದೆ. ಮಕ್ಕಳಿಲ್ಲದ ಆ ಮನೆಯಲ್ಲಿ ನನ್ನಂಥ ಟ್ರೇನಿಗಳಿಗೆ ಬಾಗಿಲು ಸದಾ ತೆರೆದಿತ್ತು. ಹಸಿವಾದಾಗ ಹೋಗುವುದು, ಬೇಜಾರಾದಾಗ ಹೋಗುವುದು, ಎರಡಕ್ಕೂ ಆಂಟಿಯ ಬಳಿ ಕಡುಬೇ ಔಷಧಿ.

ಅಕ್ಟೋಬರ್ ಬಂತೆಂದರೆ ಅಂಕಲ್ ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಉತ್ತರಕ್ಕೆ, ಲೇಕ್ ಡಿಸ್ಟ್ರಿಕ್ಟಿನ ಬೆಟ್ಟಗಳಿಗೆ ಕಾರು ಹೊರಡುತ್ತಿತ್ತು. ಅಲ್ಲಿಯ ಕೆಂಪು ಜಿಂಕೆಗಳನ್ನು ತಿನ್ನುವ ಪ್ರಾಣಿ ಯಾವುದೂ ಉಳಿದಿಲ್ಲ, ಹಾಗಾಗಿ ಚಳಿಗಾಲಕ್ಕೆ ಮೇವು ಸಾಲುವಷ್ಟೇ ಉಳಿಯುವಂತೆ ಕೆಲವನ್ನು ಹೊಡೆದು ಹಿಂಡನ್ನು ಕಡಿಮೆ ಮಾಡುತ್ತಾರೆ. ಶರತ್ಕಾಲದಲ್ಲಿ ಗಂಡು, ಚಳಿಯಲ್ಲಿ ಹೆಣ್ಣು. ಯಾವುದನ್ನು ಹೊಡೆಯಬೇಕೆಂದು ಹೇಳುವವನು ಆ ಬೆಟ್ಟದ ಪ್ರಾಣಿಗಳನ್ನು ನೋಡಿಕೊಳ್ಳುವ ಕೀಪರ್, ಉದ್ದ ಕಾಲಿನ, ಮಾತು ಕಡಿಮೆಯ ಇಂಗ್ಲಿಷಿನವನು. ಬಹಳ ವರ್ಷಗಳ ಪರಿಚಯದಿಂದ ಅಂಕಲ್‌ಗೆ ಅಲ್ಲಿ ರೈಫಲ್ ಹಿಡಿದು ಹೋಗುವ ಅವಕಾಶವಿತ್ತು. ಎಲ್ಲರೂ ಜಿಂಕೆ ಎಂದರೆ ಇವರು ಮಾತ್ರ ಊರಿನ ಹೆಸರಿನಲ್ಲೇ ಕಡವೆ ಎನ್ನುತ್ತಿದ್ದರು.

ನಾನು ಮೊದಲ ಸಲ ಹೋದದ್ದು ಪರೀಕ್ಷೆಯಲ್ಲಿ ಫೇಲಾದ ವಾರ. ಕೋಣೆಯಲ್ಲಿ ಕಂಬಳಿ ಹೊದ್ದು ಮಲಗಿದ್ದವಳಿಗೆ ಫೋನ್ ಬಂತು.

"ಶನಿವಾರ ಆನ್‌ಕಾಲ್ ಉಂಟಾ?"

"ಇಲ್ಲ ಅಂಕಲ್."

"ಹಾಗಾದ್ರೆ ಬಾ. ಕಡವೆ ನೋಡ್ಲಿಕ್ಕೆ ಹೋಗುವ."

"ಅಂಕಲ್, ನಾನು ವೆಜಿಟೇರಿಯನ್."

"ತಿನ್ಲಿಕ್ಕೆ ಕರೀಲಿಲ್ಲ ಮಾರಾಯ್ತಿ. ನೋಡ್ಲಿಕ್ಕೆ ಕರೆದೆ. ಕಣ್ಣಿನ ಡಾಕ್ಟರಲ್ವಾ ನೀನು."

ಆ ದಿನ ಪರೀಕ್ಷೆಯ ಮಾತೇ ಎತ್ತಲಿಲ್ಲ. ಕಲ್ಲಿನ ಮರೆಯಲ್ಲಿ ಒದ್ದೆ ಹುಲ್ಲಿನ ಮೇಲೆ ಮಲಗಿಸಿ ದುರ್ಬೀನು ಕೊಟ್ಟರು. ಎದುರಿನ ಇಡೀ ಬೆಟ್ಟ ನೋಡಿದೆ, ಏನೂ ಇರಲಿಲ್ಲ. ಹಾಗೆಂದು ಹೇಳಿದೆ. "ಇಡೀ ಕಡವೆ ಹುಡುಕಿದ್ರೆ ಸಿಗೋದಿಲ್ಲ. ಒಂದು ಚೂರು ಹುಡುಕು. ಒಂದು ಕಿವಿ ಸಾಕು," ಎಂದರು. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಹಾಗಾದರೆ ಗಾಳಿ ತಾಗದ ಮಗ್ಗುಲು ಯಾವುದು, ಅಲ್ಲಿ ಬಿಸಿಲು ಎಲ್ಲಿ ಬಿದ್ದಿದೆ, ನಿಧಾನವಾಗಿ ಕೇಳುತ್ತಾ ಹೋದರು. ಕಂದು ಜರೀಗಿಡಗಳ ನಡುವೆ ಒಂದು ಕಿವಿ ಅಲುಗಿತು. ಅದರ ಪಕ್ಕ ಇನ್ನೊಂದು. ನೋಡುತ್ತಿದ್ದ ಹಾಗೇ ಅಲ್ಲಿ ಒಂದು ಹಿಂಡೇ ಇತ್ತು, ಮೊದಲಿನಿಂದಲೂ ಇತ್ತು. ನನಗೆ ಅಳು ಬಂತು. ಅವತ್ತಿನಿಂದ ಆಸ್ಪತ್ರೆಯ ಡ್ಯೂಟಿ ಇಲ್ಲದಾಗಲೆಲ್ಲ ನಾನೂ ಹೊರಡುತ್ತಿದ್ದೆ.

ಬೇಟೆಯಲ್ಲಿ ಜೊತೆಗಿದ್ದವರಿಗೆಲ್ಲ ಪಾಲು ಹೋಗಬೇಕೆಂಬುದು ಅವರ ಕಡೆಯ ಪದ್ಧತಿ. ಚೀಲ ಹಿಡಿದವರಿಗೂ ಪಾಲು, ನಾಯಿಗೂ ಪಾಲು. ನಾನು ತಿನ್ನುವುದಿಲ್ಲ ಎಂಬುದು ಪಾಲು ತಪ್ಪಿಸಲು ಕಾರಣವೇ ಅಲ್ಲ. ಪ್ರತಿ ಸಲ ಕಾಗದದಲ್ಲಿ ಸುತ್ತಿದ ಮಾಂಸ ನನ್ನ ಕೈಗೆ ಬರುತ್ತಿತ್ತು, ನಾನು ಅದನ್ನು ಮುಖ ತಿರುಗಿಸಿಕೊಂಡು ಒಯ್ದು ಕೆಳಗಿನ ಮನೆಯೊಡತಿಗೆ ಕೊಡುತ್ತಿದ್ದೆ. ಆಕೆ ಪೈ ಮಾಡಿ ತಿಂದು ನನ್ನಂಥ ಬಾಡಿಗೆಯವಳು ಇಡೀ ಯಾರ್ಕ್‌ಶೈರಿನಲ್ಲಿ ಇಲ್ಲ ಎನ್ನುತ್ತಿದ್ದಳು. ಹೀಟಿಂಗ್ ಕೆಟ್ಟರೆ ಅವತ್ತೇ ರಿಪೇರಿ.

ಮೂರನೆಯದೋ ನಾಲ್ಕನೆಯದೋ ಚಳಿಗಾಲ. ನೆಲದ ಮೇಲೆ ಹಿಮವಿತ್ತು. ಅಂಕಲ್ ಒಂದು ಹೆಣ್ಣು ಕಡವೆಗೆ ಗುರಿಯಿಟ್ಟರು, ಹತ್ತಿರದ ಗುರಿ, ಅವರಿಗೆ ತಪ್ಪುವಂಥದಲ್ಲ. ಗುಂಡು ಹಾರಿತು. ಅದು ಬೀಳಲಿಲ್ಲ, ಮುಂಗಾಲು ನೇತಾಡಿಸಿಕೊಂಡು ಓಡಿತು. ಹಿಮದ ಮೇಲೆ ರಕ್ತದ ಜಾಡು ಹಿಡಿದು ಅಂಕಲ್, ಕೀಪರ್, ನಾನು ಮೂವರೂ ಬೆಟ್ಟದ ಆಚೆ ಮಗ್ಗುಲಿಗೆ ಹೋದೆವು. ಹೊತ್ತು ಇಳಿಯುವ ಮೊದಲು ಅದು ಒಂದು ತೊರೆಯ ಬದಿಯಲ್ಲಿ ಮಲಗಿದ್ದು ಸಿಕ್ಕಿತು. ತಲೆಯೆತ್ತಿ ನಮ್ಮನ್ನು ನೋಡಿತು. ಅಂಕಲ್ ರೈಫಲ್ ಎತ್ತಲಿಲ್ಲ. ಕೀಪರ್ ಕಡೆಗೆ ಕೈ ತೋರಿಸಿ ಹಿಂದೆ ತಿರುಗಿ ನಿಂತರು. ಅವನೇ ಮುಗಿಸಿದ.

ಕಾರಿನಲ್ಲಿ ವಾಪಸು ಬರುವಾಗ, ಮೋಟರ್‌ವೇ ಹತ್ತಿದ ಮೇಲೆ "ಸ್ಕೋಪ್ ಕೆಟ್ಟಿದೆ," ಎಂದರು. ಬಂದೂಕಿನ ಮೇಲಿರುವ, ಗುರಿ ನೋಡುವ ದುರ್ಬೀನು ಅದು. ಕೆಟ್ಟಿರಬಹುದು ಎಂದುಕೊಂಡೆ, ನನಗೇನು ಗೊತ್ತು.

ಸ್ಕೋಪು ಅಂಗಡಿಗೆ ಹೋಯಿತು, ಸರಿಯಾಗಿದೆ ಎಂದು ವಾಪಸು ಬಂತು. ಮತ್ತೆ ಕಳಿಸಿದರು, ಮತ್ತೆ ವಾಪಸು ಬಂತು. ಒಂದು ಭಾನುವಾರ ಅವರ ಅಡುಗೆಮನೆಯಲ್ಲಿ ನಾನು ಅಕ್ಕಿರೊಟ್ಟಿ ತಿನ್ನುತ್ತಿದ್ದಾಗ ಅಂಗಡಿಯವನನ್ನು ಬೈಯುತ್ತಾ ಕೂತಿದ್ದರು.

"ಅವನಿಗೆ ಕಣ್ಣು ಕಾಣೋದಿಲ್ಲ. ಒಳಗೆ ಅಡ್ಡ ಗೆರೆ ಇದೆಯಲ್ಲ, ಅದು ನಡುವಲ್ಲಿ ಡೊಂಕಾಗಿದೆ. ನಂಗೆ ಎಷ್ಟು ಚೆನ್ನಾಗಿ ಕಾಣ್ತದೆ."

ನಾನು ಕೈಯಲ್ಲಿದ್ದ ರೊಟ್ಟಿ ತಟ್ಟೆಗಿಟ್ಟೆ. ನೇರ ಗೆರೆ ನಡುವಲ್ಲಿ ಡೊಂಕಾಗಿ ಕಾಣುತ್ತದೆ ಎಂದು ಕ್ಲಿನಿಕ್ಕಿನಲ್ಲಿ ಹೇಳುವವರನ್ನು ನಾನು ವಾರವಾರವೂ ನೋಡುತ್ತಿದ್ದೆ. ಕಣ್ಣಿನ ಹಿಂಪರದೆಯ ನಟ್ಟನಡುವೆ ಬೇಡದ ರಕ್ತನಾಳ ಬೆಳೆದು ಸೋರುವ ಕಾಯಿಲೆ ಅದು.

"ಅಂಕಲ್, ಎಡಗಣ್ಣು ಪೂರ್ತಿ ಮುಚ್ಚಿ. ಒಲೆ ಹಿಂದಿನ ಟೈಲ್ಸ್ ನೋಡಿ. ಗೆರೆ ಹೇಗಿದೆ?"

ನೋಡಿದರು. ಬಹಳ ಹೊತ್ತು ನೋಡಿದರು. "ಟೈಲ್ಸ್ ಹಾಕಿದವನೂ ಸರಿಯಾಗಿ ಹಾಕ್ಲಿಲ್ಲ," ಎಂದರು. ಆಮೇಲೆ ಬಲಗಣ್ಣು ಮುಚ್ಚಿ ಎಡಗಣ್ಣಿನಲ್ಲಿ ನೋಡಿದರು. ಟೈಲ್ಸಿನ ಗೆರೆ ನೆಟ್ಟಗಿತ್ತು. ಜೀವಮಾನವಿಡೀ ಬೇರೆಯವರ ಕಾಯಿಲೆ ಕಂಡುಹಿಡಿದ ಮನುಷ್ಯ, ತನ್ನ ಕಣ್ಣಿನ ಕಾಯಿಲೆಯನ್ನು ಪಾರ್ಸೆಲ್ ಮಾಡಿ ಎರಡು ಸಲ ಅಂಗಡಿಗೆ ಕಳಿಸಿದ್ದರು.

"ಏನಂತೆ?" ಎಂದು ಆಂಟಿ ಒಲೆಯ ಬಳಿಯಿಂದ ಕೇಳಿದರು.

"ಸ್ಕೋಪ್ ಸರಿ ಉಂಟಂತೆ," ಎಂದರು.

ಮರುದಿನವೇ ನಮ್ಮ ಆಸ್ಪತ್ರೆಗೆ ಕರೆದೊಯ್ದೆ. ತೋಳಿಗೆ ಬಣ್ಣದ ದ್ರವ ಚುಚ್ಚಿ ಕಣ್ಣಿನ ಫೋಟೋ ತೆಗೆದರು. ಹಿರಿಯ ವೈದ್ಯನಾದ ನನ್ನ ಕನ್ಸಲ್ಟೆಂಟ್ ಆ ಫೋಟೋ ಹಿಡಿದು ನನ್ನ ಮುಖ ನೋಡಿದ. ಆಗ ಇದ್ದದ್ದು ಲೇಸರ್. ರಕ್ತನಾಳ ಬದಿಯಲ್ಲಿದ್ದರೆ ಸುಡಬಹುದು, ನಟ್ಟನಡುವೆ ಇದ್ದರೆ ಅದರ ಜೊತೆ ದೃಷ್ಟಿಯನ್ನೂ ಸುಟ್ಟಂತೆ. ಇವರದು ನಟ್ಟನಡುವೆ. ನಾನು ಸಮುದ್ರ ದಾಟಿ ಬಂದು ಕಲಿತ ವಿದ್ಯೆಯೆಲ್ಲ ಆ ಕಾಯಿಲೆಗೆ ಒಂದು ಹೆಸರು ಹೇಳಲಿಕ್ಕೆ ಮಾತ್ರ ಬಂತು. ಕೈಕಟ್ಟಿ ನಿಲ್ಲುವುದು ಎಂದರೆ ಏನೆಂದು ನನಗೆ ಅವತ್ತು ತಿಳಿಯಿತು.

ಬಲಗಣ್ಣಿನ ನಡುಭಾಗ ಕೆಲವೇ ತಿಂಗಳಲ್ಲಿ ಹೋಯಿತು. ಅವರು ಎಡ ಹೆಗಲಿಗೆ ಬಂದೂಕು ಇಟ್ಟು ಕಲಿಯಲು ಶುರುಮಾಡಿದರು. ಹಾಲ್‌ನಲ್ಲಿ ಕೊಡೆ ಹಿಡಿದು ಕಿಟಕಿಯ ಕಡೆಗೆ ಗುರಿಯಿಡುವುದು ನಡೆಯುತ್ತಿತ್ತು. "ಎದುರುಮನೆಯವ್ರು ಪೊಲೀಸ್‌ಗೆ ಫೋನ್ ಮಾಡ್ತಾರೆ ನೋಡಿ," ಎಂದು ಆಂಟಿ ಪರದೆ ಎಳೆಯುತ್ತಿದ್ದರು. ಕಾಗದದ ಗುರಿಯ ಮೇಲೆ ಕೀಪರ್ ಪರೀಕ್ಷೆ ಮಾಡಿ ಒಪ್ಪಿದ ಮೇಲೆಯೇ ಬೆಟ್ಟಕ್ಕೆ ಬಿಟ್ಟ. ಎರಡು ಚಳಿಗಾಲ ಹಾಗೆ ಕಳೆಯಿತು. ಗುಂಡು ಒಂದೂ ತಪ್ಪಲಿಲ್ಲ. ಪ್ರತಿ ಬೆಳಿಗ್ಗೆ ಕಾಫಿಗೆ ಮೊದಲು ಎಡಗಣ್ಣಿನಲ್ಲಿ ಟೈಲ್ಸ್ ನೋಡುತ್ತಿದ್ದರಂತೆ. ಕಾಯಿಲೆ ಆ ಕಣ್ಣಿಗೂ ಬರಬಹುದೆಂದು ಹಾಗೆ ನೋಡಲು ಹೇಳಿದವಳು ನಾನೇ. ನೋಡಿ ತಿಳಿದರೂ ನನ್ನ ಬಳಿ ಇದ್ದದ್ದು ಅದೇ ಲೇಸರ್.

ಒಂದು ದಿನ ನಾನು ವಾರ್ಡಿಗೆ ಹೊರಡುವಾಗ ಫೋನ್ ಬಂತು. "ಬಂತು," ಎಂದರು ಅಂಕಲ್. ಎಡಗಣ್ಣಿನಲ್ಲೂ ಗೆರೆ ಡೊಂಕಾಗಿತ್ತು.

ರೈಫಲನ್ನು ಅವರೇ ಒಪ್ಪಿಸಿದರು, ಕಾರಿನ ಲೈಸೆನ್ಸನ್ನೂ. ಪ್ರಾಕ್ಟೀಸಿನಿಂದ ನಿವೃತ್ತಿಯಾದರು. ಆದರೆ ಅಕ್ಟೋಬರ್ ಬಂದಾಗ, "ಹುಡುಕ್ಲಿಕ್ಕೆ ಲೈಸೆನ್ಸ್ ಬೇಡವಲ್ಲ," ಎಂದರು. ಆಂಟಿ ಕಾರು ಓಡಿಸಿದರು, ನಾನು ಕೈ ಹಿಡಿದು ಬೆಟ್ಟ ಹತ್ತಿಸಿದೆ. ಗಂಡು ಕಡವೆಗಳು ಕೂಗುವ ಕಾಲ. ಕೂಗು ಬಂದ ದಿಕ್ಕಿಗೆ ಕೀಪರ್ ದೂರದರ್ಶಕ ತಿರುಗಿಸಿದ, ನಾನು ದುರ್ಬೀನು. ಇಬ್ಬರಿಗೂ ಏನೂ ಕಾಣಲಿಲ್ಲ. ಅಂಕಲ್ ಬೇರೆಲ್ಲೋ ಮುಖ ಮಾಡಿ ಕೂತಿದ್ದವರು, "ಎಡಗಡೆ, ಬಂಡೆ ಕೆಳಗೆ, ಏನೋ ಅಲ್ಲಾಡಿತು," ಎಂದರು. ನಿಜ. ಅವರ ಕಣ್ಣಿನ ಅಂಚು ಸತ್ತಿರಲಿಲ್ಲ. ಅಂಚಿನಲ್ಲಿ ಕಂಡದ್ದನ್ನು ನೇರ ನೋಡೋಣವೆಂದು ಮುಖ ತಿರುಗಿಸಿದರು, ಅಭ್ಯಾಸ. ತಿರುಗಿಸಿದೊಡನೆ ಕಡವೆ ಹೋಯಿತು. ಮುಖ ಆಚೆ ಮಾಡಿದರು, ಬಂತು. ಮತ್ತೆ ತಿರುಗಿಸಿದರು. ಹೀಗೆ ಎಷ್ಟೋ ಸಲ. ಕೀಪರ್ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ನನಗೆ ನೋಡಲಾಗಲಿಲ್ಲ. ಮುಂದಿನ ವರ್ಷ ಅವರು ಬೆಟ್ಟದ ಮಾತೆತ್ತಲಿಲ್ಲ.

ಅದಾಗಿ ಕೆಲವು ವರ್ಷಕ್ಕೆ ಆ ಕಾಯಿಲೆಗೆ ಔಷಧಿ ಬಂತು. ಕಣ್ಣಿನೊಳಗೇ ಚುಚ್ಚುವ ಇಂಜೆಕ್ಷನ್. ಅಷ್ಟರಲ್ಲಿ ನಾನು ಕನ್ಸಲ್ಟೆಂಟ್ ಆಗಿದ್ದೆ, ಆ ಕ್ಲಿನಿಕ್ ನನ್ನ ಪಾಲಿಗೇ ಬಂತು. ಸೋರುವ ಹಂತದಲ್ಲೇ ಬಂದವರ ದೃಷ್ಟಿ ಉಳಿಯುತ್ತಿತ್ತು, ಕೆಲವರು ಮತ್ತೆ ಪೇಪರ್ ಓದಿದರು. ಅಂಕಲ್ ಮನೆಗೆ ಹೋದಾಗ ನಾನು ಈ ವಿಷಯ ತೆಗೆಯುತ್ತಿರಲಿಲ್ಲ. ಅವರು ರೇಡಿಯೋದಲ್ಲಿ ಕೇಳಿದ್ದರು.

"ಸೂಜಿ ಕಣ್ಣೊಳಗೇ ಹಾಕೋದಾ?"

"ಹೂಂ ಅಂಕಲ್."

"ನೋವಾಗ್ತದಾ?"

"ಮೊದ್ಲು ಡ್ರಾಪ್ಸ್ ಹಾಕ್ತೀವಿ. ಅಷ್ಟು ಗೊತ್ತಾಗಲ್ಲ."

"ಹಾಗಾದ್ರೆ ನಂಗೂ ಒಂದು ಹಾಕು."

ಆಂಟಿ ಪಾತ್ರೆ ತೊಳೆಯುತ್ತಿದ್ದವರು ನಲ್ಲಿ ನಿಲ್ಲಿಸಿದರು.

"ಅಂಕಲ್, ನಿಮ್ದು ಒಳಗೆ ಸ್ಕಾರ್ ಆಗ್ಬಿಟ್ಟಿದೆ. ಈಗ ಹಾಕಿದ್ರೆ..."

"ಗೊತ್ತುಂಟು. ನಾನೂ ಡಾಕ್ಟರೇ." ಮೇಜಿನ ಮೇಲೆ ನನ್ನ ಕೈ ಎಲ್ಲಿದೆಯೆಂದು ತಡವಿ ಹಿಡಿದುಕೊಂಡರು. "ಆದ್ರೂ ಒಂದು ಹಾಕಿ ನೋಡು. ಎಡಗಣ್ಣಿಗೆ ಮಾತ್ರ."

ಆಗುವುದಿಲ್ಲ ಎಂದೆ. ಗಾಯ ಒಣಗಿ ಕಲೆಯಾದ ಕಣ್ಣಿಗೆ ಔಷಧಿ ಚುಚ್ಚುವ ಹಾಗಿರಲಿಲ್ಲ, ಚುಚ್ಚಿದರೂ ಉಪಯೋಗವಿರಲಿಲ್ಲ. ಇದನ್ನೆಲ್ಲ ನನಗಿಂತ ಚೆನ್ನಾಗಿ ಬಲ್ಲವರಿಗೆ ನಾನು ವಿವರಿಸುತ್ತಾ ಹೋದೆ. ಅವರು ಕೇಳಿಸಿಕೊಂಡರು. "ಸರಿ ಬಿಡು, ಕೇಳಿ ನೋಡಿದೆ ಅಷ್ಟೆ," ಎಂದು ಕೈ ಬಿಟ್ಟು ಆಂಟಿಗೆ ಕಾಫಿ ಮಾಡಲು ಹೇಳಿದರು.

ಆ ಚಳಿಗಾಲದಲ್ಲೇ ಹೋದರು, ಹೃದಯ ನಿಂತು. ಕ್ರಿಮೇಶನ್ನಿಗೆ ಕೀಪರ್ ಅಷ್ಟು ದೂರದಿಂದ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಆ ವಾರವೂ ನನ್ನ ಇಂಜೆಕ್ಷನ್ ಕ್ಲಿನಿಕ್ ನಡೆಯಿತು, ಈಗಲೂ ನಡೆಯುತ್ತದೆ. ಅವರಿಗೆ ನಾನು ಹೇಳಿದ್ದು ಸರಿ, ಇವತ್ತು ಕೇಳಿದರೂ ಅದನ್ನೇ ಹೇಳಬೇಕು. ಆದರೆ ನನಗೆ ಊಟ ಹಾಕಿ, ಬೆಟ್ಟ ತೋರಿಸಿ, ಈ ಊರಿನಲ್ಲಿ ನನ್ನದೆಂದು ಒಂದು ಮನೆ ಕೊಟ್ಟ ಮನುಷ್ಯ, ಅಷ್ಟು ವರ್ಷಗಳಲ್ಲಿ ತನಗಾಗಿ ನನ್ನ ಬಳಿ ಕೇಳಿದ್ದು ಅದೊಂದನ್ನೇ.