ಮೊಳೆಯಿಂದ ಇಳಿಸಿದ ಥರ್ಮಾಮೀಟರು

ಕಳೆದ ಭಾನುವಾರ ನಾನು ಒಂದು ಥರ್ಮಾಮೀಟರನ್ನು ಕೆಲಸದಿಂದ ವಜಾ ಮಾಡಿದೆ. ಅದು ಮಾಡಿದ ಅಪರಾಧ ಇಷ್ಟೇ: ಜೊತೆಯಲ್ಲಿದ್ದ ಇನ್ನೆರಡು ಹೇಳಿದ್ದನ್ನು ಅದು ಹೇಳಲಿಲ್ಲ.

ನಡೆದದ್ದು ಅಕ್ಕನ ಊರಿನಲ್ಲಿ. ಭಾನುವಾರ ಬಂತೆಂದರೆ ಚಿಕ್ಕಬಳ್ಳಾಪುರದಲ್ಲಿ ನಮ್ಮ ಮನೆ ಮುಂದೆ ಸ್ಕಂದಗಿರಿ ಹತ್ತಿ ಇಳಿದವರ ಕಾರುಗಳ ಸಾಲು, ಹಾರ್ನ್ ಗದ್ದಲ. (ಬೆಟ್ಟದ ಮೇಲೆ ಶಾಂತಿ ಹುಡುಕಿಕೊಂಡು ಬಂದವರಂತೆ ಇವರು!) ತಪ್ಪಿಸಿಕೊಳ್ಳಲು ನಾನು ಶಿಡ್ಲಘಟ್ಟದ ಬಸ್ಸು ಹಿಡಿಯುತ್ತೇನೆ. ಅಲ್ಲಿಂದ ಆಟೋದಲ್ಲಿ ಹತ್ತು ನಿಮಿಷ ಹೋದರೆ ನಾನು ಹುಟ್ಟಿದ ಊರು. ಅಕ್ಕ ಗೌರಮ್ಮನನ್ನು ಕೊಟ್ಟಿದ್ದೂ ಅದೇ ಊರಿಗೆ, ಎರಡು ಬೀದಿ ಆಚೆಗೆ. ಅಮ್ಮ ರೇಷ್ಮೆ ಹುಳ ಸಾಕುತ್ತಿದ್ದ ಹುಳುಮನೆಯನ್ನು ಈಗ ಅವಳೇ ನೋಡಿಕೊಳ್ಳುತ್ತಾಳೆ.

ಹುಳಗಳು ನಾಲ್ಕನೇ ಜ್ವರ ಎದ್ದು ಎರಡು ದಿನವಾಗಿತ್ತು. ಅಂದರೆ ಕೊನೆಯ ಸಲ ಚರ್ಮ ಕಳಚಿ, ಹೊಟ್ಟೆಬಾಕರಂತೆ ತಿನ್ನುವ ಸಮಯ. ಆದರೆ ಈ ಚಳಿ ನೋಡಿದ್ದೀರಲ್ಲ? ಅಕ್ಕ ಹುಳುಮನೆಗೆ ಕರೆಂಟ್ ಹೀಟರ್ ಇಟ್ಟಿದ್ದಳು. ಹೊಸದಾಗಿ ಎರಡು ಡಿಜಿಟಲ್ ಥರ್ಮಾಮೀಟರೂ ತಂದಿದ್ದಳು. ಎರಡೂ ಇಪ್ಪತ್ತೈದು ಡಿಗ್ರಿ ತೋರಿಸುತ್ತಿದ್ದವು. ನಡುವಿನ ಸ್ಟ್ಯಾಂಡಿನ ಕಂಬಕ್ಕೆ ಮೊದಲಿನಿಂದಲೂ ನೇತಾಡುತ್ತಿದ್ದ ಗಾಜಿನ ಕಡ್ಡಿಯ ಹಳೆಯ ಥರ್ಮಾಮೀಟರು ಮಾತ್ರ ಇಪ್ಪತ್ತೊಂದು ಎನ್ನುತ್ತಿತ್ತು.

"ಯಾವುದನ್ನ ನಂಬಬೇಕೋ ನಾಗೇಶ? ಓದಿರೋನು ನೀನೇ ಹೇಳಪ್ಪ" ಅಂದಳು ಅಕ್ಕ.

ನಾನು ಎರಡನೇ ಸಲ ಯೋಚಿಸಲಿಲ್ಲ. "ಎರಡು ಒಂದೇ ಹೇಳ್ತಿದ್ರೆ ಮೂರನೇದು ಕೆಟ್ಟಿದೆ ಅಂತ ಅರ್ಥ. ಅದನ್ನ ತೆಗೆದುಬಿಡು" ಎಂದೆ. ನಾನೇ ಮೊಳೆಯಿಂದ ಕಳಚಿ, ಬಾಗಿಲ ಹೊರಗಿನ ಕಿಟಕಿ ಕಟ್ಟೆಯ ಮೇಲಿಟ್ಟೆ. (ಅಭ್ಯಾಸ ಬಲ. ಹೆಮ್ಮೆಯೂ ಆಯಿತು; ಅದು ಎಷ್ಟು ಹೊತ್ತು ಉಳಿಯಿತು ಎಂದು ಮುಂದೆ ಹೇಳುತ್ತೇನೆ.)

ಯಾಕೆ ಅಭ್ಯಾಸ ಬಲ? ನಿವೃತ್ತಿಯಾಗುವವರೆಗೆ ನಾನು ಮಾಡಿದ್ದೇ ಆ ಕೆಲಸ. ಬೆಂಗಳೂರಿನಲ್ಲಿ ವಿಮಾನಗಳ ಮೇಲೆ ಕೆಲಸ ಮಾಡುವ ಒಂದು ಲ್ಯಾಬು. ವಿಮಾನದ ಸೆನ್ಸರುಗಳಲ್ಲಿ ಯಾವುದು ಕೆಟ್ಟಿದೆ ಎಂದು ಹಾರಾಟದ ನಡುವೆಯೇ ಪತ್ತೆ ಹಚ್ಚುವ ಪ್ರೋಗ್ರಾಂ ಬರೆಯುವುದು ನಮ್ಮ ಗುಂಪಿನ ಪಾಲು. ಹುಳಗಳಿಗೆ ಹಿಪ್ಪುನೇರಳೆ ಸೊಪ್ಪು ಹಾಕುತ್ತಾ ಅಕ್ಕ ಅಂದು ಕೇಳಿದಳು, "ಅಲ್ವೋ, ಅಷ್ಟು ವರ್ಷ ಅಲ್ಲಿ ಏನ್ ಮಾಡ್ತಿದ್ದೆ ನೀನು?" ಇಡೀ ಸರ್ವೀಸಿನಲ್ಲಿ ಕೇಳದವಳು ರಿಟೈರಾದ ಮೇಲೆ ಕೇಳಿದಳು. ನನಗೋ ಖುಷಿ.

ಹೇಳಿದೆ. ವೇಗ ಅಳೆಯಲು ಒಂದೇ ಸೆನ್ಸರ್ ಇದ್ದರೆ ಅದು ಹೇಳಿದ್ದೇ ವೇದ. ಎರಡಿದ್ದು, ಒಂದು ಒಂದು ಹೇಳಿ ಇನ್ನೊಂದು ಇನ್ನೊಂದು ಹೇಳಿದರೆ ಏನೋ ಕೆಟ್ಟಿದೆ ಎಂದು ಗೊತ್ತಾಗುತ್ತದೆ, ಯಾವುದು ಎಂದು ಗೊತ್ತಾಗುವುದಿಲ್ಲ. ಅದಕ್ಕೇ ಮೂರು ಇಡುತ್ತಾರೆ. ಎರಡು ಒಂದೇ ಮಾತಾಡಿದರೆ ಮೂರನೆಯದನ್ನು ಲೆಕ್ಕದಿಂದ ಬಿಡುತ್ತಾರೆ. ರೆಕ್ಕೆ, ಬಾಲಗಳ ಪಟ್ಟಿಗಳನ್ನು ಸರಿಸುವ ಆಕ್ಚುಯೇಟರುಗಳದ್ದೂ ಇಂಥದೇ ಕಥೆ. ಪೈಲಟ್ 'ಸರಿದುಕೋ' ಎಂದ ಮೇಲೆ ಪಟ್ಟಿ ನಿಜವಾಗಿ ಸರಿದಿದೆಯೋ, ಇಲ್ಲ ಸರಿದೆ ಎಂದು ಸುಮ್ಮನೆ ಹೇಳುತ್ತಿದೆಯೋ?

"ಅಂದ್ರೆ ವಿಮಾನದಾಗೆ ಪಂಚಾಯ್ತಿ ಮಾಡ್ತಿದ್ದೆ ಅನ್ನು" ಎಂದಳು ಅಕ್ಕ.

ನನ್ನ ಇಡೀ ವೃತ್ತಿಯನ್ನು ಇಷ್ಟು ಸಲೀಸಾಗಿ ಯಾರೂ ಹೇಳಿರಲಿಲ್ಲ. ಇಬ್ಬರೂ ನಕ್ಕೆವು.

"ತಗದು ಹಾಕಿದ್ದು ಸುಮ್ಕಾಗ್ತದಾ?" ಎಂದು ಮತ್ತೆ ಕೇಳಿದಳು.

ಇಲ್ಲ. ಅದು ಹೇಳುತ್ತಲೇ ಇರುತ್ತದೆ. ವಿಮಾನ ಇಳಿಯುವವರೆಗೂ ಹೇಳುತ್ತಿರುತ್ತದೆ. ಕೇಳಿಸಿಕೊಳ್ಳುವವರು ಇರುವುದಿಲ್ಲ, ಅಷ್ಟೆ. ಇದನ್ನು ಹೇಳಿದಾಗ ಅಕ್ಕ ನಗಲಿಲ್ಲ. ಸೊಪ್ಪಿನ ಕಂತೆ ಬಿಚ್ಚುತ್ತಿದ್ದ ಕೈ ನಿಂತಿತು.

ಮಧ್ಯಾಹ್ನ ಊಟ ಮುಗಿಸಿ ಬಂದು ನೋಡಿದರೆ ಬೆಳಿಗ್ಗೆ ಹಾಕಿದ ಸೊಪ್ಪು ಹಾಗೇ ಇತ್ತು. ತಿನ್ನಬೇಕಾದ ಹುಳಗಳು ಮಂಕಾಗಿ ತಲೆ ಎತ್ತಿಕೊಂಡು ಕೂತಿದ್ದವು. ಅಕ್ಕ ಬಗ್ಗಿ, ನಡುವಿನ ಸ್ಟ್ಯಾಂಡಿನ ಹತ್ತಿರ ಕೆನ್ನೆ ಒಡ್ಡಿದಳು. "ಅಯ್ಯೋ ದೇವುಡಾ, ಇಲ್ಲಿ ಕೊರೀತದಲ್ಲೋ!" ಎಂದಳು.

ಆಗ ನನ್ನ ತಲೆಗೆ ಹೋಯಿತು. ಹುಳುಮನೆಗೆ ಯಾರೂ ಸುಮ್ಮನೆ ನುಗ್ಗುವ ಹಾಗಿಲ್ಲ. ಚಪ್ಪಲಿ ಹೊರಗೆ ಬಿಟ್ಟು, ಕೈಕಾಲು ತೊಳೆದು, ಬ್ಲೀಚಿಂಗ್ ಪೌಡರಿನ ನೀರಲ್ಲಿ ಕಾಲದ್ದಿ ಹೋಗಬೇಕು. ಮಂತ್ರಿ ಬಂದರೂ ಅಷ್ಟೆ. ಡಿಗ್ರಿ ನೋಡಲು ದಿನಕ್ಕೆ ಹತ್ತು ಸಲ ಯಾರು ಕಾಲು ತೊಳೆಯುತ್ತಾರೆ? ಬಾಗಿಲಲ್ಲೇ ನಿಂತು ಇಣುಕಿದರೆ ಕಾಣಲಿ ಎಂದು ಅಕ್ಕ ಎರಡೂ ಹೊಸ ಮೀಟರುಗಳನ್ನು ಬಾಗಿಲ ಪಕ್ಕದ ಗೋಡೆಗೆ ಹಾಕಿದ್ದಳು. ಕೆಳಗೇ ಸ್ವಿಚ್ ಬೋರ್ಡು. ಅದರ ಕೆಳಗೇ ಹೀಟರು. ಮೀಟರು ಇಪ್ಪತ್ತೈದು ಮುಟ್ಟಿದ ತಕ್ಷಣ ಹೀಟರು ಆಫ್. ಹುಳ ಇರುವ ಕಡೆ ಚಳಿ ಹಾಗೇ.

ಹೊಸವು ಕೆಟ್ಟಿರಲಿಲ್ಲ. ಎರಡೂ ಒಂದೇ ಕಡೆ ನಿಂತಿದ್ದವು. ಹಳೆಯದೊಂದೇ ಹುಳಗಳ ಜೊತೆಗಿತ್ತು.

ಲ್ಯಾಬಿನಲ್ಲಿ ನಮ್ಮ ಬಾಸ್ ಪ್ರತಿ ಮೀಟಿಂಗಿನಲ್ಲೂ ಕೇಳುತ್ತಿದ್ದ ಪ್ರಶ್ನೆ ಇದು: "ಎರಡೂ ಒಂದೇ ಥರ ತಪ್ಪು ಹೇಳಿದರೆ ಏನು ಮಾಡ್ತೀರಿ?" ಒಂದೇ ಮೋಡದೊಳಗೆ ಹೋದ ಎರಡು ಸೆನ್ಸರುಗಳಿಗೂ ಒಂದೇ ಸಲ ಹಿಮ ಕಟ್ಟಬಹುದು. ಆಗ ಮೂರನೆಯದು ಸರಿ ಇದ್ದರೂ ಪಂಚಾಯ್ತಿಯಲ್ಲಿ ಸೋಲುತ್ತದೆ. ಇದಕ್ಕೆ ನಮ್ಮ ಹತ್ತಿರ ಉತ್ತರವೂ ಇತ್ತು. ಬರೀ ಕೈ ಎತ್ತಿಸಬೇಡ, ವಿಮಾನ ಹೇಗೆ ಹಾರುತ್ತಿದೆ ನೋಡು. ಮೂಗು ಎಷ್ಟು ಎತ್ತಿದೆ, ಎಂಜಿನ್ ಎಷ್ಟು ಜೋರು ಕೊಡುತ್ತಿದೆ, ಅಷ್ಟಕ್ಕೆ ವೇಗ ಎಷ್ಟಿರಬೇಕು ಎಂದು ಲೆಕ್ಕ ಹಾಕು. ಅಕ್ಕ ಸೊಪ್ಪು ನೋಡಿದಳಲ್ಲ, ಅದೇ ಅದು. ನನಗಿಂತ ಒಳ್ಳೆಯ ಎಂಜಿನಿಯರು.

ಹೀಟರನ್ನು ಉದ್ದ ವೈರು ಕೊಟ್ಟು ಒಳಕ್ಕೆ ಸರಿಸಿದೆವು. ನಾನು ಹಳೆಯ ಥರ್ಮಾಮೀಟರನ್ನು ತಂದು ಮೊಳೆಗೆ ಹಾಕಹೋದೆ. ಅಕ್ಕ ಕೈ ಚಾಚಿ ಇಸಿದುಕೊಂಡಳು. ಸೆರಗಿನಿಂದ ಒರೆಸಿದಳು.

"ಇದನ್ನ ಹಾಕಿದ್ದು ಮುನಿ ಕಣೋ, ಮರ್ತೋಯ್ತಾ?" ಎಂದಳು. "ಬೆಳಿಗ್ಗೆ ನೀನು ತಗದಾಗ್ಲೇ ಹೇಳಣ ಅಂತಿದ್ದೆ. ಬಾಯಿ ಬರ್ಲಿಲ್ಲ."

ಮುನಿರಾಜ ನಮ್ಮ ತಮ್ಮ. ಈ ಅಂಕಣದಲ್ಲಿ ಅವನ ಹೆಸರು ಇದುವರೆಗೆ ಬಂದಿಲ್ಲ. ನನ್ನ ಹೆಂಡತಿಯ ಮಂಡಿ ನೋವಿನಿಂದ ಹಿಡಿದು ನಮ್ಮ ಬೀದಿ ನಾಯಿಯ ಸಂಸಾರದವರೆಗೆ ಎಲ್ಲವನ್ನೂ ನಿಮಗೆ ಹೇಳಿದ್ದೇನೆ. ಇದೊಂದನ್ನು ಹೇಳಿರಲಿಲ್ಲ.

ಅಮ್ಮನ ಕಾಲದಲ್ಲಿ ಹುಳುಮನೆಗೆ ಥರ್ಮಾಮೀಟರೇ ಇರಲಿಲ್ಲ. ಅಮ್ಮನ ಕೈಯೇ ಥರ್ಮಾಮೀಟರು. ಒಳಗೆ ಹೋಗಿ ಅಂಗೈ ಹಿಂದುಮುಂದು ಮಾಡಿ, "ಎರಡು ಕೆಂಡ ಹಾಕು" ಅಂದರೆ ಎರಡೇ ಕೆಂಡ. ಊರಿನವರೂ ತಮ್ಮ ಹುಳುಮನೆಗೆ ಕರೆದುಕೊಂಡು ಹೋಗಿ ಕೈ ಇಡಿಸುತ್ತಿದ್ದರು. ಆ ಕೈ ತಪ್ಪಿದ್ದು ನಾವು ಯಾರೂ ಕಂಡಿರಲಿಲ್ಲ.

ಏಳು ವರ್ಷದ ಹಿಂದಿನ ಮಾತು. ಆಗ ಅಮ್ಮನ ಜೊತೆ ಮನೆಯಲ್ಲಿದ್ದು ಹುಳ ಸಾಕುತ್ತಿದ್ದವನು ಮುನಿ. ಅಮ್ಮ ಇನ್ನೂ ಕೆಂಡ, ಇನ್ನೂ ಕೆಂಡ ಎನ್ನುತ್ತಾಳೆ, ಇವನು ಬೆವರುತ್ತಾನೆ. ಕೊನೆಗೆ ಪೇಟೆಗೆ ಹೋಗಿ ಈ ಗಾಜಿನ ಕಡ್ಡಿ ತಂದು ಕಂಬಕ್ಕೆ ಮೊಳೆ ಹೊಡೆದು ನೇತುಹಾಕಿದ. ಅಮ್ಮನಿಗೆ ಹೇಗಾಗಿರಬೇಡ? ನನಗೆ ಫೋನು ಬಂತು. "ಇವನಿಗೆ ನನ್ ಕೈ ಮೇಲೆ ನಂಬ್ಕೆ ಹೋಯ್ತು ಕಣಪ್ಪ" ಎಂದು ಅತ್ತಳು.

ನಾನು ಬಂದೆ. ಜಗಲಿ ಮೇಲೆ ಕೂತೆವು. ನಾನು, ಅಕ್ಕ, ಮುನಿ.

"ಅಣ್ಣಾ, ಅಮ್ಮನ ಕೈಗೆ ಬಿಸಿ ಗೊತ್ತಾಗ್ತಾ ಇಲ್ಲ" ಎಂದ ಮುನಿ. "ಕಾಲಿಗೂ ಗೊತ್ತಾಗ್ತಿಲ್ಲ. ನಡೀತಾ ನಡೀತಾ ಚಪ್ಪಲಿ ಕಳಚಿ ಹಿಂದೆ ಉಳೀತದೆ, ಅಮ್ಮ ಬರಿಗಾಲಲ್ಲಿ ಮುಂದಕ್ಕೆ ಹೋಗ್ತಿರ್ತಾಳೆ. ನಾನು ಹಿಂದಿಂದ ಎತ್ಕೊಂಡು ಹೋಗ್ತೀನಿ. ಸಕ್ಕರೆ ಕಾಯಿಲೆ ಇರಬೋದಣ್ಣ. ತೋರ್ಸಣ."

"ನೀನೇನು ಡಾಕ್ಟ್ರಾ?" ಎಂದಳು ಅಕ್ಕ.

ನಾನೇನೆಂದೆ ಗೊತ್ತೆ? "ಅಮ್ಮನ ಕೈಗಿಂತ ನಿನ್ನ ಗಾಜಿನ ಕಡ್ಡಿ ದೊಡ್ಡದೇನೋ?" ಎಂದೆ. ಆ ವಾರವೆಲ್ಲ ಲ್ಯಾಬಿನಲ್ಲಿ ನಾನು ಬರೆಯುತ್ತಿದ್ದದ್ದು, ತುಂಬಾ ವರ್ಷ ನಂಬಿಗಸ್ತವಾಗಿದ್ದ ಸೆನ್ಸರು ಮೆಲ್ಲಗೆ ದಾರಿ ತಪ್ಪಿದರೆ ಹಿಡಿಯುವುದು ಹೇಗೆ ಎನ್ನುವ ರಿಪೋರ್ಟು.

ಎರಡು ಓಟು ಒಂದು ಕಡೆ. ಒಂದು ಓಟು ಇನ್ನೊಂದು ಕಡೆ. ತೀರ್ಮಾನವಾಯಿತು. ಮುನಿ ಮತ್ತೆ ಎರಡು ಮೂರು ಸಲ ಫೋನು ಮಾಡಿ ಅದನ್ನೇ ಹೇಳಿದ. ಇದೊಂದು ಇವನದು ಹಳೇ ರಾಗ ಎಂದು ನಾನು ಫೋನೆತ್ತುವುದನ್ನೇ ಬಿಟ್ಟೆ.

ಮುಂದಿನ ಬೆಳೆಗೆ ಅಮ್ಮ ಹುಳುಮನೆಯಲ್ಲಿ ಬರಿಗಾಲಲ್ಲಿ ಕೆಂಡ ತುಳಿದಳು. ತುಳಿದದ್ದು ಅವಳಿಗೆ ಗೊತ್ತಾಗಲಿಲ್ಲ. ಇಡೀ ದಿನ ಅದೇ ಕಾಲಲ್ಲಿ ಓಡಾಡಿದಳು. ಗಾಯ ನೋಡಿದವನು ಮುನಿಯೇ. ಚಿಕ್ಕಬಳ್ಳಾಪುರದ ಆಸ್ಪತ್ರೆ, ಅಲ್ಲಿಂದ ಬೆಂಗಳೂರು. ಸಕ್ಕರೆ ಮಿತಿ ಮೀರಿತ್ತು, ನಂಜು ಏರಿತ್ತು. ಅಮ್ಮ ಉಳಿಯಲಿಲ್ಲ.

ಇಷ್ಟೇ ಆಗಿದ್ದರೆ ಮುನಿ ಕ್ಷಮಿಸುತ್ತಿದ್ದನೇನೋ. ಹನ್ನೊಂದನೇ ದಿನದ ಕಾರ್ಯ ಮುಗಿಸಿ ಕೂತಿದ್ದಾಗ ನಾನು ಎಲ್ಲರ ಎದುರು ಕೇಳಿದೆ: "ಜೊತೇಲಿದ್ದೋನು ನೀನು, ನೋಡ್ಕೊಳ್ಳೋಕೆ ಆಗ್ಲಿಲ್ವೇನೋ?"

ಅವನು ಹುಳುಮನೆಯ ಬೀಗದ ಕೈ ಅಕ್ಕನ ಮಡಿಲಿಗೆ ಹಾಕಿದ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಚಿಂತಾಮಣಿಗೆ ಹೋದ. ಅಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದಾನೆ. ಮೋಟಾರಿಗೆ ಕಿವಿಗೊಟ್ಟೇ ಏನು ಕೆಟ್ಟಿದೆ ಎಂದು ಹೇಳುತ್ತಾನಂತೆ. ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ ಅದು? ಏಳು ವರ್ಷದಲ್ಲಿ ನಾನು ಹತ್ತಲಾರದ ಬಸ್ಸು ಅದೊಂದೇ. ಒಮ್ಮೆ ಹತ್ತಿದ್ದೆ, ನಿಜ ಹೇಳುತ್ತೇನೆ. ಅವನ ಅಂಗಡಿ ಬೀದಿಯ ತುದಿಯಲ್ಲಿ ನಿಂತು, ಅವನು ಬಗ್ಗಿ ತಂತಿ ಸುತ್ತುತ್ತಿದ್ದದ್ದನ್ನು ನೋಡಿ, ತಲೆ ನೆರೆತಿದೆಯಲ್ಲ ಎಂದುಕೊಂಡು ವಾಪಸು ಬಂದೆ.

ಅವನ ಹೆಂಡತಿ ಆಗಾಗ ಅಕ್ಕನಿಗೆ ಫೋನು ಮಾಡುತ್ತಾಳೆ. ಪಕ್ಕದಲ್ಲಿ ಅವನು ಕೆಮ್ಮುವುದು ಕೇಳಿಸುತ್ತದಂತೆ. ಆ ಕೆಮ್ಮು ಕೇಳಿಸಲಿ ಎಂದೇ ಅಕ್ಕ ಮಾತು ಬೆಳೆಸುತ್ತಾಳೆ. "ಸ್ಪೀಕರಿಗೆ ಹಾಕು" ಎಂದು ನಾನು ಒಮ್ಮೆ ಕೇಳಿದ್ದುಂಟು. ಅರವತ್ತು ದಾಟಿದ ಗಂಡಸು, ತಮ್ಮನ ಕೆಮ್ಮು ಕೇಳಲು ಫೋನಿಗೆ ಕಿವಿ ಹಚ್ಚಿ ಕೂತಿದ್ದೆ. ನಗುವುದಾದರೆ ನಗಿ. ಅವನನ್ನು ನೋಡದೆ ನನಗೆ ಆಗುತ್ತಿಲ್ಲ.

ಭಾನುವಾರ ಸಂಜೆ ಹೊತ್ತಿಗೆ ಗಾಜಿನ ಕಡ್ಡಿ ಇಪ್ಪತ್ನಾಲ್ಕಕ್ಕೆ ಬಂತು. ಹುಳಗಳು ಸೊಪ್ಪಿಗೆ ಬಾಯಿ ಹಾಕಿದವು. ಒಳಗೆಲ್ಲ ಮೇಯುವ ಸದ್ದು. ಅಕ್ಕ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

"ಅವತ್ತು ನಾವಿಬ್ರೂ ಬಾಗಿಲ ಹತ್ರದ ಮೀಟ್ರೇ ಕಣೋ" ಎಂದಳು. "ನಾನು ಗಂಡನ ಮನೇಲಿದ್ದೆ, ನೀನು ಬೆಂಗ್ಳೂರಲ್ಲಿದ್ದೆ. ಚಪ್ಪಲಿ ಎತ್ಕೊಂಡು ಹಿಂದೆ ಹಿಂದೆ ಹೋಗ್ತಿದ್ದೋನು ಅವನೊಬ್ನೇ."

"ಪೇಪರ್ನಾಗೆ ಬರಿ" ಎಂದಳು ಮತ್ತೆ. "ನೀನು ಬರೆಯೋದನ್ನ ಅವನು ಬಿಡದೆ ಓದ್ತಾನಂತೆ. ಅವನ ಹೆಂಡ್ತಿ ಹೇಳವ್ಳೆ. ಓದಿ ಮಡಚಿ ಟೂಲ್ಸ್ ಡಬ್ಬದಾಗೆ ಇಡ್ತಾನಂತೆ."

ಅದಕ್ಕೇ ಬರೆದೆ, ಓದುಗರೇ. ನಿಮ್ಮ ಮನೆಯಲ್ಲೂ ಒಬ್ಬರಿರಬಹುದು, ಎಲ್ಲರೂ ಇಪ್ಪತ್ತೈದು ಎಂದಾಗ ಇಪ್ಪತ್ತೊಂದು ಎಂದವರು. ಮೊಳೆಯಿಂದ ಇಳಿಸುವ ಮೊದಲು ಅವರು ಎಲ್ಲಿ ನಿಂತು ಹೇಳುತ್ತಿದ್ದಾರೆ ಎಂದು ನೋಡಿದಿರಾ? ನಾನು ನೋಡಲಿಲ್ಲ. ಇನ್ನು ಮುಂದಿನದು ನಿಮಗಲ್ಲ, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ.

ಮುನಿ, ಈ ಭಾನುವಾರ, ಚಳಿ ಜಾಸ್ತಿಯಾದರೆ ಸೋಮವಾರ, ಹುಳ ಹಣ್ಣಾಗಿ ಗೂಡು ಕಟ್ಟಲು ಹೊರಡುತ್ತವೆ. ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಲು ನಾನೂ ಅಕ್ಕನೂ ಸಾಲುವುದಿಲ್ಲ. ಹುಳ ಹಣ್ಣಾದ ದಿನ ನಮ್ಮಲ್ಲಿ ಯಾರೂ ಯಾರನ್ನೂ ಕರೆಯುವುದಿಲ್ಲ, ಗೊತ್ತಾದವರು ತಾವೇ ಕಾಲು ತೊಳೆದುಕೊಂಡು ಒಳಗೆ ಬರುತ್ತಾರೆ. ಅದು ನಿನಗೂ ಗೊತ್ತು. ಆದರೂ ಕರೆಯುತ್ತಿದ್ದೇನೆ. ಅಮ್ಮನನ್ನು ಸರಿಯಾಗಿ ನೋಡಿಕೊಂಡವನು ನೀನೊಬ್ಬನೇ, ನೋಡಿಕೊಳ್ಳದವರು ನಾವಿಬ್ಬರು. ಎಲ್ಲರ ಎದುರು ಅಂದ ಮಾತನ್ನು ಎಲ್ಲರ ಎದುರೇ ವಾಪಸು ತಗೊಂಡಿದ್ದೇನೆ.

ನೀನು ಹೊಡೆದ ಮೊಳೆಯಲ್ಲೇ ನಿನ್ನ ಗಾಜಿನ ಕಡ್ಡಿ ನೇತಾಡುತ್ತಿದೆ, ಬಂದು ಎಷ್ಟು ಡಿಗ್ರಿ ಅಂತ ಹೇಳ್ತೀಯೇನಪ್ಪಾ?